ಬೊಜ್ಜು ಕರಗಿದ್ದು ಇಲಿಯದ್ದು, ಪಾಚಿಯ ಪುಡಿ ಮಾರುವುದು ನಮಗೆ

ಕಡಲಪಾಚಿಯ ನಾರು ತಿಂದರೆ ಕರುಳಿನ ಬ್ಯಾಕ್ಟೀರಿಯಾ ಸುಧಾರಿಸುತ್ತವೆ, ಬೊಜ್ಜು ಇಳಿಯುತ್ತದೆ ಎಂಬ ಸುದ್ದಿ ಆಗಾಗ ಹೊಸ ವೇಷದಲ್ಲಿ ಬರುತ್ತಲೇ ಇರುತ್ತದೆ. ತಾಳ್ಮೆಯಿಂದ ಓದುತ್ತಾ ಹೋದರೆ ಕೊನೆಗೊಂದು ಇಲಿ ಎದುರಾಗುತ್ತದೆ. ಶೀರ್ಷಿಕೆಯಲ್ಲಿ ಮಾತ್ರ ಅದರ ಬಾಲವೂ ಕಾಣುವುದಿಲ್ಲ. ನನ್ನ ತಕರಾರು ಪಾಚಿಯೊಂದಿಗಲ್ಲ, ಈ ಅವಸರದೊಂದಿಗೆ.

1881ರ ಸುಮಾರಿಗೆ ಜರ್ಮನಿಯ ಸೂಕ್ಷ್ಮಜೀವಿ ವಿಜ್ಞಾನಿ ರಾಬರ್ಟ್ ಕಾಕ್‌ನ ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾ ಬೆಳೆಸಲು ಜೆಲಟಿನ್ ಬಳಸುತ್ತಿದ್ದರು. ಅದು ಬಿಸಿಗೆ ಕರಗುತ್ತಿತ್ತು, ಕೆಲವು ಬ್ಯಾಕ್ಟೀರಿಯಾಗಳು ಅದನ್ನೇ ತಿಂದು ನೀರಾಗಿಸುತ್ತಿದ್ದವು. ಅಲ್ಲಿ ದುಡಿಯುತ್ತಿದ್ದ ವಾಲ್ಟರ್ ಹೆಸ್ಸೆಯ ಪತ್ನಿ ಫ್ಯಾನಿ ಹೆಸ್ಸೆ ತಮ್ಮ ಅಡುಗೆಯ ಅನುಭವದಿಂದ ಕೆಂಪು ಪಾಚಿಯಿಂದ ತೆಗೆಯುವ, ಲೋಳೆಯಂತೆ ಗಟ್ಟಿಯಾಗುವ ಅಗರ್ ಬಳಸಲು ಸೂಚಿಸಿದರು. ಇಂದಿಗೂ ಪ್ರಯೋಗಾಲಯಗಳ ತಟ್ಟೆಗಳಲ್ಲಿರುವುದು ಅದೇ. ಅದು ಉಳಿದುಕೊಂಡದ್ದಕ್ಕೆ ಒಂದು ಮುಖ್ಯ ಕಾರಣ, ಬಹುತೇಕ ಬ್ಯಾಕ್ಟೀರಿಯಾಗಳಿಗೆ ಅಗರ್ ಅರಗುವುದಿಲ್ಲ. ಹಾಗಿರುವಾಗ ಪಾಚಿಯ ನಾರೆಲ್ಲವೂ ಕರುಳಿನ ಬ್ಯಾಕ್ಟೀರಿಯಾಗಳಿಗೆ ಔತಣ ಎಂದು ಸಾರುವವರನ್ನು ನಾನು ಕೇಳುವುದಿಷ್ಟೇ: ಯಾವ ಪಾಚಿ, ಯಾರ ಕರುಳು?

ಈ ಎರಡನೆಯ ಪ್ರಶ್ನೆಗೆ 2010ರಲ್ಲಿ ಸೊಗಸಾದ ಉತ್ತರವೊಂದು ಸಿಕ್ಕಿತು. ಜಪಾನಿನ ಅನ್ನದ ತಿನಿಸು ಸುಶಿಗೆ ಸುತ್ತುವ ನೋರಿ ಪಾಚಿಯಲ್ಲಿ ಪೋರ್ಫಿರಾನ್ ಎಂಬ ನಾರಿದೆ. ಅದನ್ನು ಒಡೆಯುವ ಕಿಣ್ವದ ಜೀನ್ ಕಡಲಿನ ಬ್ಯಾಕ್ಟೀರಿಯಾದಲ್ಲಿತ್ತು. ಫ್ರಾನ್ಸಿನ ರಾಸ್ಕಾಫ್‌ನ ವಿಜ್ಞಾನಿಗಳು ಹುಡುಕಿದಾಗ ಅದೇ ಬಗೆಯ ಜೀನ್‌ಗಳು ಜಪಾನಿಯರ ಕರುಳಿನ ಬ್ಯಾಕ್ಟೀರಿಯಾದಲ್ಲೂ ಕಂಡವು. ಹೋಲಿಸಿ ನೋಡಿದ ಉತ್ತರ ಅಮೆರಿಕನ್ನರ ಕರುಳಿನಲ್ಲಿ ಕಾಣಲಿಲ್ಲ. ತಲೆಮಾರುಗಳಿಂದ ತಿಂದ ಪಾಚಿಯೊಂದಿಗೆ ಬಂದ ಕಡಲ ಬ್ಯಾಕ್ಟೀರಿಯಾಗಳೇ ಆ ಜೀನನ್ನು ಕರುಳಿನವಕ್ಕೆ ದಾಟಿಸಿರಬೇಕು ಎಂಬುದು ಅವರ ತರ್ಕ. ಅಂದ ಮೇಲೆ ಒಬ್ಬರ ಹೊಟ್ಟೆಯಲ್ಲಿ ಕೆಲಸ ಮಾಡಿದ ನಾರು ಇನ್ನೊಬ್ಬರ ಹೊಟ್ಟೆಯಿಂದ ಬಂದಂತೆಯೇ ಹೊರಹೋಗಬಹುದು.

ಬ್ಯಾಕ್ಟೀರಿಯಾಗಳು ನಾರನ್ನು ಹುದುಗಿಸಿದಾಗ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಸಣ್ಣ ಕೊಬ್ಬಿನಾಮ್ಲಗಳು ಹುಟ್ಟುತ್ತವೆ. ದೊಡ್ಡ ಕರುಳಿನ ಜೀವಕೋಶಗಳಿಗೆ ಬ್ಯುಟಿರೇಟ್ ಇಂಧನ. ಹಸಿವನ್ನು ತಗ್ಗಿಸುವ ಹಾರ್ಮೋನುಗಳಿಗೂ ಇವುಗಳಿಂದ ಪ್ರಚೋದನೆ ಸಿಗುತ್ತದೆ. ಇದರಲ್ಲಿ ಸುಳ್ಳೇನಿಲ್ಲ. ಆದರೆ ಬೊಜ್ಜಿಗೆ ಬ್ಯಾಕ್ಟೀರಿಯಾಗಳೇ ಕಾರಣ ಎನ್ನುವವರು 2013ರ ಪ್ರಯೋಗವೊಂದನ್ನು ಅರ್ಧ ಮಾತ್ರ ಹೇಳುತ್ತಾರೆ. ಅಮೆರಿಕದ ವಿಜ್ಞಾನಿ ಜೆಫ್ರಿ ಗಾರ್ಡನ್ ತಂಡವು ಅವಳಿಗಳಲ್ಲಿ ದಪ್ಪಗಿದ್ದವರ ಮತ್ತು ತೆಳ್ಳಗಿದ್ದವರ ಬ್ಯಾಕ್ಟೀರಿಯಾಗಳನ್ನು ಬೇರೆ ಬೇರೆ ಇಲಿಗಳಿಗೆ ಕೊಟ್ಟಿತು. ದಪ್ಪ ಅವಳಿಯ ಬ್ಯಾಕ್ಟೀರಿಯಾ ಪಡೆದ ಇಲಿಗಳಲ್ಲಿ ಕೊಬ್ಬು ಹೆಚ್ಚಿತು. ಎರಡೂ ಬಗೆಯ ಇಲಿಗಳನ್ನು ಒಂದೇ ಗೂಡಿನಲ್ಲಿಟ್ಟಾಗ ತೆಳ್ಳಗಿನವರ ಬ್ಯಾಕ್ಟೀರಿಯಾ ಇವಕ್ಕೂ ದಾಟಿ ಆ ಹೆಚ್ಚಳ ನಿಂತಿತು. ಬಿಟ್ಟುಬಿಡುವ ಅರ್ಧ ಇದು: ಕೊಬ್ಬು ಹೆಚ್ಚು, ನಾರು ಕಡಿಮೆ ಇರುವ ಆಹಾರ ಕೊಟ್ಟಾಗ ಆ ರಕ್ಷಣೆ ದೊರೆಯಲಿಲ್ಲ. ತಟ್ಟೆ ಸರಿಯಿಲ್ಲದಿದ್ದರೆ ಒಳ್ಳೆಯ ನೆರೆಹೊರೆಯಿಂದಲೂ ಪ್ರಯೋಜನವಿಲ್ಲ.

ಇನ್ನು ಮನುಷ್ಯರ ವಿಷಯ. 2012ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಪ್ರಯೋಗದಲ್ಲಿ ಕಂದು ಪಾಚಿಯ ಆಲ್ಜಿನೇಟ್ ಎಂಬ ನಾರನ್ನು ಪಾನೀಯವಾಗಿ ಊಟಕ್ಕೆ ಮುಂಚೆ, ದಿನಕ್ಕೆ ಮೂರು ಬಾರಿ, 12 ವಾರ ಕೊಟ್ಟರು. ಎಲ್ಲರಿಗೂ ಮಿತ ಆಹಾರದ ಕಟ್ಟುಪಾಡು ಇದ್ದೇ ಇತ್ತು. ಸೇರಿದವರೆಲ್ಲರ ಲೆಕ್ಕ ಹಿಡಿದರೆ ಸ್ಪಷ್ಟ ವ್ಯತ್ಯಾಸವಿಲ್ಲ. ಕೊನೆಯವರೆಗೆ ಉಳಿದ 80 ಮಂದಿಯಲ್ಲಿ ಆಲ್ಜಿನೇಟ್ ಕುಡಿದವರು ಸರಾಸರಿ 6.78 ಕಿಲೋ, ಕುಡಿಯದವರು 5.04 ಕಿಲೋ ಇಳಿದರು. ಈ ಲಾಭಕ್ಕೂ ಬ್ಯಾಕ್ಟೀರಿಯಾಗಿಂತ ಹೊಟ್ಟೆಯಲ್ಲಿ ಲೋಳೆಯಾಗಿ ಉಬ್ಬುವ ಗುಣವೇ ಹೆಚ್ಚು ಕಾರಣವೆಂದು ನನ್ನ ಅನುಮಾನ. ನಾರಾಗಿ ಇದನ್ನು ಒಪ್ಪುತ್ತೇನೆ, ಬೊಜ್ಜಿನ ಮದ್ದಾಗಿ ಅಲ್ಲ.

ಇಡೀ ಪಾಚಿಯ ಪುಡಿ ಕೊಳ್ಳುವವರಿಗೆ ಇನ್ನೊಂದು ಮಾತು. ವಯಸ್ಕರಿಗೆ ದಿನಕ್ಕೆ ಬೇಕಾದ ಅಯೋಡಿನ್ 150 ಮೈಕ್ರೋಗ್ರಾಂ. ಜಪಾನಿನ ಅಡುಗೆಯಲ್ಲಿ ಬಳಸುವ ‘ಕೊಂಬು’ ಎಂಬ ಕಂದು ಪಾಚಿಯನ್ನು ಒಣಗಿಸಿದರೆ, ಅದರ ಒಂದೇ ಗ್ರಾಂನಲ್ಲಿ ಈ ಪ್ರಮಾಣದ ಹತ್ತು ಪಟ್ಟಿಗೂ ಮೀರಿ ಇರಬಹುದು. ಥೈರಾಯ್ಡ್ ತೊಂದರೆ ಇರುವವರು ಮತ್ತು ಗರ್ಭಿಣಿಯರು ವೈದ್ಯರನ್ನು ಕೇಳದೆ ಅದನ್ನು ಮುಟ್ಟಬಾರದು. ಶುದ್ಧೀಕರಿಸಿದ ಆಲ್ಜಿನೇಟಿನಲ್ಲಿ ಈ ಭಯ ಬಹಳ ಕಡಿಮೆ. ಆದರೆ ಡಬ್ಬಿಯ ಮೇಲೆ ಬರೀ ‘ಕಡಲಪಾಚಿ’ ಎಂದಿದ್ದರೆ ಒಳಗಿರುವುದು ಯಾವುದೆಂದು ಹೇಗೆ ತಿಳಿಯಬೇಕು?