ಒಂದೂವರೆ ಇಂಚಿನ ಪ್ರಾರಬ್ಧ

ತುಮಕೂರಿನ ಗುಬ್ಬಿ ಗೇಟಿನಾಚೆ ಇರುವ ನಮ್ಮ ಮನೆ ಮುಂದೆ, ಹೊಂಗೆ ಮರದಡಿ ಒಂದು ಅಂಬಾಸಿಡರ್ ನಿಂತಿದೆ. ಮಾರ್ಕ್ 4, ಅಪ್ಪ 1984ರಲ್ಲಿ ತಗೊಂಡದ್ದು. ಅಪ್ಪ ಹೋದ ಮೇಲೆ ಪಾಲಾಗುವಾಗ ಅಕ್ಕ ಸೈಟು ತಗೊಂಡಳು, ತಮ್ಮ ತೆಂಗಿನ ತೋಟ ತಗೊಂಡ. ನನ್ನ ಪಾಲಿಗೆ ಬಂದದ್ದು ಹಳೇ ಮನೆ, ಅಮ್ಮ ಮತ್ತು ಈ ಕಾರು. ಮೂರಕ್ಕೂ ರಿಪೇರಿ ಜಾಸ್ತಿ ಅಂತ ಹೇಳಿದ್ದು ನಾನಲ್ಲ, ಮಂಡಿ ನೀವಿಕೊಳ್ಳುತ್ತಾ ಅಮ್ಮನೇ.

ಹೋದ ವರ್ಷ ಕಾರು ಎಷ್ಟು ಹೊಗೆ ಬಿಡೋಕೆ ಶುರುಮಾಡಿತು ಅಂದರೆ, ಹಿಂದೆ ಬರುವ ಸ್ಕೂಟರಿನವರು ಟೌನ್‌ಹಾಲ್ ಸರ್ಕಲ್ಲಿನಲ್ಲಿ ಪಕ್ಕಕ್ಕೆ ಬಂದು ನನ್ನ ವಂಶಾವಳಿ ವಿಚಾರಿಸತೊಡಗಿದರು. ಕೆಲಸಕ್ಕೆ ಬಿಟ್ಟೆ. ಗ್ಯಾರೇಜಿನ ಮೇಸ್ತ್ರಿ ಸಿಲಿಂಡರುಗಳನ್ನ ಬೋರ್ ಮಾಡಿಸಿ, ಅಂದರೆ ಕೊರೆಸಿ ಅಗಲ ಮಾಡಿಸಿ, 40 ಥೌ (ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ) ದೊಡ್ಡ ಪಿಸ್ಟನ್ ಹಾಕಿದರು. 1489 ಸಿಸಿ ಇದ್ದದ್ದು 1530ರ ಹತ್ತಿರ ಹೋಯಿತು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಆ ವಾರವೇ ನನಗೆ ಒಂದು ಸತ್ಯ ಗೊತ್ತಾಗಿಬಿಟ್ಟಿತು: ಬ್ರಿಟನ್ನಿನ ಬಿಎಂಸಿ ಕಂಪನಿಯ ಈ 'ಬಿ ಸೀರೀಸ್' ಎಂಜಿನ್ನು, ಅದೇ 1489 ಸಿಸಿ ಅಳತೆಯಲ್ಲಿ, 1955ರಲ್ಲಿ ಬಂದ ಎಂಜಿಎ ಎಂಬ ಸ್ಪೋರ್ಟ್ಸ್ ಕಾರಿನಲ್ಲೂ ಇತ್ತು. ರಾತ್ರಿ ಊಟದ ಹೊತ್ತಿಗೆ ಹೆಂಡತಿಗೆ ಹೇಳಿದೆ, "ನಮ್ಮ ಕಾರು ಸ್ಪೋರ್ಟ್ಸ್ ಕಾರಿನ ವಂಶ ಕಣೇ."

"ನಿಮ್ಮ ದೊಡ್ಡಪ್ಪನ ಮಗ ಅಮೆರಿಕದಲ್ಲಿ ಇಂಜಿನಿಯರ್ರು. ಅದೇ ವಂಶ ಅಂತ ನೀವೇನಾದ್ರೂ ಸೂಟ್‌ಕೇಸ್ ಕಟ್ಟಿದ್ರಾ?" ಅಂದಳು.

ಮಾರನೇ ದಿನವೇ ಹೆಡ್ ಸವರಿಸಿ ಕಂಪ್ರೆಷನ್ ಏರಿಸಿದೆ, ಗಾಳಿ, ಹೊಗೆ ಓಡಾಡುವ ಪೋರ್ಟುಗಳನ್ನ, ಅಂದರೆ ತೂತುಗಳನ್ನ, ಉಜ್ಜಿಸಿ ನಯ ಮಾಡಿಸಿದೆ. ಆಗ ಮೇಸ್ತ್ರಿ ಕೈ ಒರೆಸಿಕೊಳ್ಳುತ್ತಾ ಒಂದು ಮಾತು ಆಡಿದರು. "ಉಸಿರು ಎಳ್ಕೊಳ್ಳೋದೇನೋ ಸರಿ ಹೋಯ್ತು ಸಾರ್. ಬಿಡೋಕೆ ದಾರಿ ಬ್ಯಾಡ್ವಾ? ಒಂದು ಹೆಡರ್ ಹಾಕ್ಸಿ."

ಕಂಪನಿಯವರು ಎಂಜಿನ್ನಿನ ಪಕ್ಕೆಗೆ ಎರಕದ ಕಬ್ಬಿಣದ ಮ್ಯಾನಿಫೋಲ್ಡ್ ಕಟ್ಟಿರುತ್ತಾರೆ. ಎಲ್ಲ ಸಿಲಿಂಡರಿನ ಹೊಗೆಯೂ ಅಲ್ಲೇ ಒಂದರ ಮೇಲೊಂದು ಬಿದ್ದು, ಸಂತೆ ಮುಗಿದ ಹೊತ್ತಿನ ಬಸ್ಸಿನ ಬಾಗಿಲಿನಂತೆ ನೂಕಾಡಿಕೊಂಡು ಸೈಲೆನ್ಸರ್ ಕಡೆ ಹೋಗುತ್ತದೆ. ಹೆಡರ್ ಅಂದರೆ ಹೊಗೆ ಬಿಡುವ ಒಂದೊಂದು ತೂತಿಗೂ ಬೇರೆ ಬೇರೆ ಪೈಪು. ಒಂದಷ್ಟು ದೂರ ಪ್ರತ್ಯೇಕ ನಡೆದು, ಆಮೇಲೆ ಒಂದಾಗುತ್ತವೆ. ನಾನು ಅವತ್ತೇ ರಾತ್ರಿ ಫೋನಿನಲ್ಲಿ ಹುಡುಕಿ, 'ನಾಲ್ಕು ಸಿಲಿಂಡರ್ ಹಳೇ ಕಾರುಗಳಿಗೆ' ಅಂತ ಬರೆದಿದ್ದ ಒಂದು ಹೆಡರನ್ನ ತರಿಸಿದೆ. ಬೆಲೆ ಹೆಂಡತಿಗೆ ಅರ್ಧ ಹೇಳಿದೆ.

ಬಂದಾಗ ಪಕ್ಕದ ಮನೆಯ ಹಾಲಿನವರು ನೋಡಿ, "ಏನ್ ಸ್ವಾಮಿ, ಕಬ್ಬಿಣದ ಕೆಚ್ಚಲು ತರ್ಸಿದ್ದೀರಾ?" ಅಂದರು. ನಿಜಕ್ಕೂ ಹಾಗೇ ಇತ್ತು, ನಾಲ್ಕು ಮೊಲೆ ಮೇಲಕ್ಕೆ ಮಾಡಿಕೊಂಡ ಕೆಚ್ಚಲು. ಅಕ್ಕನ ಯಜಮಾನರು, ನಮ್ಮ ಭಾವ, ಭಾನುವಾರ ಬಂದವರು ಅದನ್ನ ನೋಡಿದರು, ಬಾನೆಟ್ ಎತ್ತಿ ಎಂಜಿನ್ ನೋಡಿದರು, ಮತ್ತೆ ಅದನ್ನ ನೋಡಿದರು. ಭಾವ ಇಲ್ಲಿಯ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿದ್ದವರು. ವರ್ನಿಯರ್ ಕ್ಯಾಲಿಪರ್ ಇಲ್ಲದೆ ತರಕಾರಿಗೂ ಹೋಗದ ಮನುಷ್ಯ. ಅಕ್ಕ ಒಬ್ಬಟ್ಟು ತಟ್ಟಿದರೆ ಅಂಚು ಒಂದು ಕಡೆ ದಪ್ಪ ಅನ್ನುವಷ್ಟು ಧೈರ್ಯವೂ ಉಂಟು.

"ಎಷ್ಟು ತೂತಪ್ಪ ಎಂಜಿನ್ನಿಗೆ?"

"ನಾಲ್ಕು ಸಿಲಿಂಡರ್, ನಾಲ್ಕು ತೂತು ಭಾವ."

"ಎಣಿಸು."

ಎಣಿಸಿದೆ. ಮೂರು. ಆ ಕಡೆಯಿಂದ ಎಣಿಸಿದೆ. ಆಗಲೂ ಮೂರೇ. ನಲವತ್ತು ವರ್ಷ ನಮ್ಮ ಮನೆಯ ಮುಂದಿದ್ದ ಎಂಜಿನ್ನಿಗೆ ಎಷ್ಟು ಮೂಗು ಅಂತ ನನಗೆ ಗೊತ್ತಿರಲಿಲ್ಲ. ಬಿ ಸೀರೀಸಿನಲ್ಲಿ ಒಂದನೇ ಸಿಲಿಂಡರಿಗೂ ನಾಲ್ಕನೆಯದಕ್ಕೂ ಸ್ವಂತ ಬಾಗಿಲು. ನಡುವಿನ ಎರಡಕ್ಕೂ ಮೂರಕ್ಕೂ ಸೇರಿ ಒಂದೇ ಬಾಗಿಲು, ವಠಾರದಲ್ಲಿ ಎರಡು ಸಂಸಾರಕ್ಕೆ ಒಂದೇ ಬಚ್ಚಲು ಇದ್ದ ಹಾಗೆ. ಆದರೂ ಜಗಳವಿಲ್ಲ. ಕಿಡಿ ಹಾರುವ ಸರದಿ 1-3-4-2. ಮೂರನೆಯದು ಬಚ್ಚಲಿಗೆ ಹೋಗಿ ಬಂದ ಮೇಲೆ ಕ್ರ್ಯಾಂಕು (ಪಿಸ್ಟನ್ನುಗಳು ತಿರುಗಿಸುವ ದಂಡ) ಒಂದು ಪೂರ್ತಿ ಸುತ್ತು ತಿರುಗಿದ ನಂತರವೇ ಎರಡನೆಯದರ ಪಾಳಿ. ಇಷ್ಟು ಅಚ್ಚುಕಟ್ಟು ಯಾವ ವಠಾರದಲ್ಲೂ ನಾನು ಕಂಡಿಲ್ಲ.

ಮಾರಿದವರು ವಾಪಸ್ ತಗೊಳ್ಳಲಿಲ್ಲ. ಅಮ್ಮ ಮಾತ್ರ, "ಮೂರು ಮೊಲೆ ಹಸುವಿಗೆ ನಾಲ್ಕು ಚೊಂಬು ತಂದವ್ನೆ ನನ್ ಮಗ" ಅಂತ ಬಂದವರಿಗೆಲ್ಲ ಹೇಳಿದಳು. ಅದು ಈಗ ಹಿತ್ತಲಲ್ಲಿ ತಲೆಕೆಳಗಾಗಿ ನಿಂತಿದೆ, ಮೇಲೊಂದು ದಾಸವಾಳದ ಕುಂಡ ಹೊತ್ತುಕೊಂಡು.

ಇನ್ನು ಉಳಿದದ್ದು ಇಲ್ಲೇ ಮಾಡಿಸುವುದು. ಅಂತರಸನಹಳ್ಳಿ ಕಡೆ ಒಬ್ಬ ವೆಲ್ಡರ್ ಸಿಕ್ಕರು, ಗೇಟು ಗ್ರಿಲ್ಲು ಮಾಡುವವರು, ಕೈ ಚೆನ್ನಾಗಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ. "ಎಷ್ಟಿಂಚು ಸಾರ್?"

ಈ ಪ್ರಶ್ನೆಗೆ ತುಮಕೂರಿನಲ್ಲಿ ಉತ್ತರ ಇಲ್ಲದವರು ಯಾರೂ ಇಲ್ಲ. ಮೇಸ್ತ್ರಿ, "ಎರಡಿಂಚು ಹಾಕ್ಸಿ ಸಾರ್, ರಾಜನಂಗೆ ಹೋಗ್ತದೆ." ತಮ್ಮ ಫೋನಿನಲ್ಲಿ, "ದೊಡ್ಡದೇ ಹಾಕ್ಸಣ್ಣ, ಸೌಂಡ್ ಬರುತ್ತೆ." ಎದುರು ಮನೆಯ ಬುಲೆಟ್ ಹುಡುಗ, "ಅಂಕಲ್, ಪೈಪೇ ಬೇಡ, ಓಪನ್ ಬಿಡಿ." ಊಟಕ್ಕೆ ಕೂತಾಗ ನಾನು ಇದನ್ನೇ ಗೊಣಗುತ್ತಿದ್ದರೆ ಅಮ್ಮ, "ಊದುಗೊಳವೆ ದಪ್ಪ ಇದ್ರೆ ಒಲೆ ಉರಿಯುತ್ತೇನ್ಲಾ?" ಅಂದಳು. ಅನ್ನ ಕಲಸುತ್ತಿದ್ದ ನಾನು ಹೂಂ ಅಂದೆ ಅಷ್ಟೇ. ಹಿತ್ತಲಲ್ಲಿ ಹಂಡೆ ಒಲೆ ಉರಿಸುವವಳಿಗೆ ಎಂಜಿನ್ ವಿಚಾರ ಏನು ಗೊತ್ತು ಅನ್ನುವ ಉಡಾಫೆ.

ಭಾವನಿಗೆ ಊದುಗೊಳವೆಯ ಲೆಕ್ಕ ಬೇರೆ ರೂಪದಲ್ಲಿ ಗೊತ್ತಿತ್ತು. ಹೊಗೆ ಪೈಪಿನಲ್ಲಿ ವೇಗವಾಗಿ ಓಡಬೇಕು. ಓಡಿದರೆ ತನ್ನ ಹಿಂದೆ ಖಾಲಿ ಜಾಗ ಬಿಟ್ಟು ಹೋಗುತ್ತದೆ, ಆ ಸೆಳೆತಕ್ಕೆ ಸಿಲಿಂಡರಿನಲ್ಲಿ ಉಳಿದದ್ದೂ ಬರುತ್ತದೆ. ಪೈಪು ಅಗಲವಾದರೆ ಹೊಗೆ ಸೋಮಾರಿಯಾಗಿ ತೆವಳುತ್ತದೆ. ತೀರಾ ಸಣ್ಣದಾದರೆ ಎಂಜಿನ್ ಜೋರಾಗಿ ತಿರುಗುವಾಗ ಗಂಟಲು ಕಟ್ಟುತ್ತದೆ. ಅದಕ್ಕೊಂದು ಅಂದಾಜಿನ ಸೂತ್ರ ಇದೆ. ಪೈಪಿನ ಒಳಬಾಯಿಯ ವಿಸ್ತೀರ್ಣ ಚದರ ಇಂಚಿನಲ್ಲಿ ತಗೊಂಡು 88,200ರಿಂದ ಗುಣಿಸಿ, ಒಂದು ಸಿಲಿಂಡರಿನ ಗಾತ್ರ ಎಷ್ಟು ಘನ ಇಂಚೋ ಅದರಿಂದ ಭಾಗಿಸಿದರೆ, ಎಷ್ಟು ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ ಎಷ್ಟು ಸುತ್ತಿನಲ್ಲಿ, ಎಂಜಿನ್ನಿನ ಎಳೆತ ಅತಿ ಹೆಚ್ಚು ಎಂಬುದು ಸಿಗುತ್ತದೆ. ಭಾವ ಕ್ಯಾಲೆಂಡರ್ ಹಿಂದೆ ಲೆಕ್ಕ ಹಾಕಿದರು. ನಮ್ಮ ಸಿಲಿಂಡರ್ ಸುಮಾರು 23.4 ಘನ ಇಂಚು. 1.6 ಮಿಲಿಮೀಟರ್ ದಪ್ಪದ ತಗಡಿನಲ್ಲಿ ಎರಡಿಂಚಿನ ಪೈಪು ಹಾಕಿದರೆ ಎಳೆತ ಬರುವುದು 10,400 ಆರ್‌ಪಿಎಂನಲ್ಲಿ!

"ಅಷ್ಟೊತ್ತಿಗೆ ನಿನ್ನ ಎಂಜಿನ್ನು ಬಾನೆಟ್ ಒಡೆದು ಸಿದ್ಧಗಂಗೆ ಬೆಟ್ಟ ಹತ್ತಿರುತ್ತೆ" ಅಂದರು. ಒಂದೂವರೆ ಇಂಚಿಗೆ ಸುಮಾರು 5,600, 35 ಮಿಲಿಮೀಟರಿಗೆ 4,600. ನಮ್ಮ ಅಂಬಾಸಿಡರ್‌ನಲ್ಲಿ ಆರ್‌ಪಿಎಂ ಮೀಟರೇ ಇಲ್ಲ. ನಾಲ್ಕು ಸಾವಿರ ದಾಟಿತು ಅಂತ ತಿಳಿಯುವುದು ಗ್ಲೋವ್ ಬಾಕ್ಸಿನ ಬಾಗಿಲು ತಾನಾಗಿ ಬಿಚ್ಚಿಕೊಂಡಾಗ. ಭಾವ 35 ಅಂದರು. ನಾನು, ಎಂಜಿಎ ವಂಶದ ಗೌರವಕ್ಕೆ ಅಂತ, ಒಂದೂವರೆ ಇಂಚು ಅಂದೆ. "ಹೊರಗಿನಿಂದ ಅಳೆದು ಒಂದೂವರೆ ಅಂತ ಹೇಳು ಮಾರಾಯ" ಅಂತ ಎಚ್ಚರಿಸಿ ಭಾವ ತಿಪಟೂರಿಗೆ ಮದುವೆಗೆ ಹೋದರು. ವರ್ನಿಯರೂ ಅವರ ಜೊತೆ ಹೋಯಿತು.

ನಾನು ವೆಲ್ಡರಿಗೆ ಫೋನ್ ಮಾಡಿ ಹೇಳಿದ್ದು, "ಒಂದೂವರೆ ಇಂಚು."

ನಾಲ್ಕು ದಿನದಲ್ಲಿ ಹೆಡರ್ ತಯಾರು. ಮೂರು ಪೈಪು, ನಡುವಿನದು ಉದ್ದ, ಮೊದಲನೆಯದೂ ನಾಲ್ಕನೆಯದೂ ಮೊದಲು ತಾವು ಸೇರಿ, ಕೆಳಗೆ ಹೋಗಿ ನಡುವಿನದನ್ನ ಕೂಡುವ ಹಾಗೆ. ನೋಡಿ ಕಣ್ಣು ತುಂಬಿತು. ಸ್ವಲ್ಪ ದಪ್ಪ ಕಂಡಿತು, ಆದರೆ ಸ್ವಂತ ಮಗು ಯಾರಿಗೆ ದಪ್ಪ ಕಂಡೀತು? ಸ್ಟಾರ್ಟ್ ಮಾಡಿದರೆ ಎಂಥಾ ಸದ್ದು! ಬುಲೆಟ್ ಹುಡುಗ ಓಡಿ ಬಂದು ಕೈ ಕುಲುಕಿದ. ರಿಂಗ್ ರೋಡಿನಲ್ಲಿ ಖಾಲಿ ಕಾರು ತಕ್ಕಮಟ್ಟಿಗೆ ಹೋಯಿತು. ಸದ್ದಿನ ಅಮಲಿನಲ್ಲಿ ಸ್ಪೀಡು ನೋಡಿಕೊಳ್ಳಲಿಲ್ಲ.

ಶನಿವಾರ ಅಮ್ಮ, ಹೆಂಡತಿ, ಎರಡು ಮಕ್ಕಳು, ಒಂದು ಡಬ್ಬ ಪುಳಿಯೋಗರೆ ಸಮೇತ ದೇವರಾಯನದುರ್ಗಕ್ಕೆ ಹೊರಟೆ. ನಾಮದ ಚಿಲುಮೆವರೆಗೂ ನಾನು ಎಂಜಿಎ ಕಾರಿನ ಚರಿತ್ರೆ ಹೇಳುತ್ತಿದ್ದೆ. ಏರು ಶುರುವಾಯಿತು, ಚರಿತ್ರೆ ನಿಂತಿತು. ಮೂರನೇ ಗೇರಿನಿಂದ ಎರಡು, ಎರಡರಿಂದ ಒಂದು. ಆಕ್ಸಿಲರೇಟರ್ ತುಳಿದಷ್ಟೂ ಸದ್ದು ಮಾತ್ರ ಏರುತ್ತಿತ್ತು, ಕಾರು ಏರುತ್ತಿರಲಿಲ್ಲ. ಹಿಂದಿನಿಂದ ಒಂದು ಟಿವಿಎಸ್ ಎಕ್ಸೆಲ್ಲು ಬಂತು, ಎರಡು ಕಡೆಯೂ ಎಳನೀರಿನ ಗೊನೆ, ಹಿಂದೆ ಒಬ್ಬ ಯಜಮಾನ. ನಮ್ಮನ್ನ ದಾಟುವಾಗ ಆ ಯಜಮಾನ ನನ್ನ ಕಡೆ ನೋಡಿದ ನೋಟದಲ್ಲಿ ಕರುಣೆ ಇತ್ತು. ಬೈದಿದ್ದರೆ ತಡ್ಕೋಬಹುದಿತ್ತು.

ಮುಂದಿನ ತಿರುವಿನಲ್ಲಿ ಎಂಜಿನ್ನೇ ನಿಂತಿತು. ಈ ಎಂಜಿನ್ನಿನಲ್ಲಿ ಗಾಳಿ ಒಳಗೆ ಬರುವ ಕೊಳವೆಯೂ ಹೊಗೆ ಹೊರಗೆ ಹೋಗುವ ಕೊಳವೆಯೂ ಒಂದೇ ಪಕ್ಕೆಯಲ್ಲಿ, ಒಂದರ ಮೇಲೊಂದು. ಕೆಳಗೆ ನನ್ನ ಹೊಸ ಹೆಡರು ಕೆಂಡದಂತೆ ಕಾದು, ಮೇಲೆ ಕಾರ್ಬ್ಯುರೇಟರಿನಲ್ಲಿದ್ದ ಪೆಟ್ರೋಲನ್ನ ಕಾಫಿ ಡಿಕಾಕ್ಷನ್ ಥರ ಕುದಿಸಿತ್ತು. ಮಗಳ ಟವೆಲ್ ಒದ್ದೆ ಮಾಡಿ ಹೊದಿಸಿ ಕಾದು ಕೂತೆವು. ಕಾಯುವಾಗ ಮಂಗಗಳು ಪುಳಿಯೋಗರೆ ಡಬ್ಬ ತಗೊಂಡು ಹೋದವು. ಮುಚ್ಚಳ ತಿರುಗಿಸಿ ತೆಗೆಯೋದು ಅವಕ್ಕೆ ಬರುತ್ತದೆ ಅಂತ ಅವತ್ತು ತಿಳಿಯಿತು.

"ನಿಮ್ಮಪ್ಪ ಇದೇ ಕಾರಲ್ಲಿ ಒಂಬತ್ತು ಜನಾನ ಕೂರ್ಸ್ಕೊಂಡು ಮೇಲ್ಗಂಟ ಹತ್ಸಿದ್ರು. ನರಸಿಂಹಸ್ವಾಮಿ ತೇರಿಗೆ" ಅಂದಳು ಅಮ್ಮ. ಆಮೇಲೆ ಚಪ್ಪಲಿ ಬಿಟ್ಟು ಕೈಯಲ್ಲಿ ಹಿಡಿದುಕೊಂಡು ನಡೆಯತೊಡಗಿದಳು. ಹೆಂಡತಿ ಮಕ್ಕಳು ಅವಳ ಹಿಂದೆ. ಭಾರ ಇಳಿದ ಮೇಲೆ ಕಾರು ಹತ್ತಿತು, ಅವರಿಗಿಂತ ಚೂರು ತಡವಾಗಿ.

ಭಾವ ಮದುವೆಯಿಂದ ಬಂದವರೇ ವರ್ನಿಯರ್ ಹಚ್ಚಿದರು. 48.3 ಮಿಲಿಮೀಟರ್. ಒಂದೂವರೆ ಇಂಚು ಅಂದರೆ 38.1 ಅಲ್ಲವೇ? ವೆಲ್ಡರನ್ನ ಕೇಳಿದರೆ ಅವರು ನಿಜವಾಗಿಯೂ ಬೇಜಾರಾದರು. "ಒಂದೂವರೆ ಇಂಚಿನ ಪೈಪೇ ಸಾರ್, ಬೇಕಾದ್ರೆ ಯಾವ ಅಂಗ್ಡೀಲಾದ್ರೂ ಕೇಳಿ." ಅವರ ಮಾತು ಸರಿಯೇ. ನೀರಿನ ಪೈಪಿನ ಲೋಕದಲ್ಲಿ ಒಂದೂವರೆ ಇಂಚು ಅಂದರೆ ಒಳಬಾಯಿಯ ಅಂದಾಜಿನ ಹೆಸರು, ಹೊರಗೆ ಅದು 48.3 ಇರುತ್ತದೆ. ಒಳಗೂ ಹೆಸರಿನಷ್ಟೇ ಇರಬೇಕೆಂದಿಲ್ಲ, ನಮ್ಮದರಲ್ಲಿ 42ರ ಹತ್ತಿರ ಇತ್ತು. ಟ್ಯೂಬು ಅಂತ ಕೇಳಿದರೆ ಮಾತ್ರ ಹೊರಗಿನ ಅಳತೆ. ನಾನು ಟ್ಯೂಬು ಅನ್ನಲಿಲ್ಲ, ಗೇಟು ಗ್ರಿಲ್ಲಿನವರು ಪೈಪು ತಂದರು. ಭಾವ ಮತ್ತೆ ಕ್ಯಾಲೆಂಡರ್ ತಿರುಗಿಸಿ ಲೆಕ್ಕ ಹಾಕಿದರು: ಎಂಟು ಸಾವಿರ ಆರ್‌ಪಿಎಂ.

"ಇಂಚು ಅನ್ನೋದು ಅಳತೆ ಅಲ್ಲಪ್ಪ, ಒಬ್ಬೊಬ್ಬರ ಅಭಿಪ್ರಾಯ" ಅಂದರು ಭಾವ. ವಾಚ್ ಫ್ಯಾಕ್ಟರಿಯವರು ಇಂಚಿನ ಮೇಲೆ ಸಾಧಿಸುವ ಹಗೆ ಅದು, ನಾನು ಎದುರಾಡಲಿಲ್ಲ.

ಎರಡನೇ ಸಲ ಭಾವನೇ ಅಂತರಸನಹಳ್ಳಿಗೆ ಬಂದು ಕೂತರು. ಪಕ್ಕದ ಎರಡು ಪೈಪಿಗೆ 35 ಮಿಲಿಮೀಟರ್ ಟ್ಯೂಬು. ನಡುವಿನದಕ್ಕೆ ಎರಡು ಸಂಸಾರದ ಓಡಾಟ ಇರುವುದರಿಂದ ಮೇಲಿನ ಸೂತ್ರ ಅದಕ್ಕೆ ನೇರ ಕೂರುವುದಿಲ್ಲ. ಒಂಚೂರು ಸಡಿಲ ಇರಲಿ ಅಂತ 38. ಎರಡು ಪಟ್ಟು ಮಾಡಬೇಕಿಲ್ಲ, ಇಬ್ಬರೂ ಒಟ್ಟಿಗೆ ಬರುವವರಲ್ಲವಲ್ಲ. ಪೈಪಿಗೆ ಗ್ಲಾಸ್ ಫೈಬರ್ ಪಟ್ಟಿ ಸುತ್ತಿ, ಕಾರ್ಬ್ಯುರೇಟರಿಗೂ ಹೆಡರಿಗೂ ನಡುವೆ ಅಡುಗೆ ಎಣ್ಣೆ ಡಬ್ಬದ ತಗಡು ಕತ್ತರಿಸಿ ಅಡ್ಡ ಕೂರಿಸಿದ್ದಾಯಿತು. ಬಾನೆಟ್ ಎತ್ತಿದರೆ ಅರ್ಧ ಸೂರ್ಯಕಾಂತಿ ಹೂವು ಕಾಣುತ್ತದೆ.

ಮುಂದಿನ ಶನಿವಾರ ದುರ್ಗಕ್ಕೆ ಅದೇ ಜನ, ಜೊತೆಗೆ ಭಾವ, ಅಕ್ಕ. ಎರಡನೇ ಗೇರಿನಲ್ಲೇ ಹತ್ತಿತು. ಸದ್ದು ಕಮ್ಮಿಯಾಯಿತು ಅಂತ ಬುಲೆಟ್ ಹುಡುಗ ನನ್ನ ಜೊತೆ ಮಾತು ಬಿಟ್ಟಿದ್ದಾನೆ.

ಮೊನ್ನೆ ಬೆಳಿಗ್ಗೆ ಬಚ್ಚಲ ಕಡೆಯಿಂದ ಊದುವ ಸದ್ದು ಕೇಳಿ ಹೋದೆ. ಕತ್ತರಿಸಿ ಉಳಿದಿದ್ದ ಒಂದಡಿ 35 ಮಿಲಿಮೀಟರ್ ಟ್ಯೂಬನ್ನ ಅಮ್ಮ ಹಂಡೆ ಒಲೆಗೆ ಊದುಗೊಳವೆ ಮಾಡಿಕೊಂಡಿದ್ದಳು. ತೆಂಗಿನ ಚಿಪ್ಪು ಹೊಗೆಯಾಡುತ್ತಿತ್ತು, ಕಣ್ಣಲ್ಲಿ ನೀರು. ಭಾವ ಕಾಫಿ ಲೋಟ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದರು.

ಅಮ್ಮ ಇನ್ನೊಮ್ಮೆ ಊದಿ, ಟ್ಯೂಬನ್ನ ತಿರುಗಿಸಿ ಒಳಗೆ ಇಣುಕಿ ನೋಡಿ, "ಇನ್ನೊಂದ್ ಚೂರು ಸಣ್ಣ ಇರ್ಬೇಕಿತ್ತು ಕಣ್ಲಾ" ಅಂದಳು.

ಭಾವ ಲೋಟ ಕೆಳಗಿಟ್ಟು, ಜೇಬಿನಿಂದ ಪೆನ್ನು ತೆಗೆದು, ಕ್ಯಾಲೆಂಡರ್ ಇದ್ದ ಗೋಡೆ ಕಡೆ ನಡೆದರು.