ಮೂವತ್ತು–ನಲವತ್ತರ ಸೈಟಿಗೆ ಹಸಿರು ನಿಯಮ ಯಾವಾಗ?

ಹಸಿರು ಕಟ್ಟಡ ಅಂದ ಕೂಡಲೇ ನಮ್ಮ ಜನರ ಕಣ್ಣಿಗೆ ಬರುವುದು ಬೆಂಗಳೂರಿನ ಗಾಜಿನ ಆಫೀಸು. ಬಾಗಿಲ ಪಕ್ಕ ಒಂದು ಫಲಕ. ಅದರಲ್ಲಿ ಪ್ಲಾಟಿನಂ ಅಂತಲೋ, ಐದು ನಕ್ಷತ್ರ ಅಂತಲೋ ಬರೆದಿರುತ್ತದೆ. ಲೀಡ್, ಐಜಿಬಿಸಿ, ಗೃಹ ಹೀಗೆ ಸರ್ಟಿಫಿಕೇಟ್ ಕೊಡುವವರೂ ಬೇಕಾದಷ್ಟಿದ್ದಾರೆ. ಇರಲಿ, ಸಂತೋಷ. ಆದರೆ ತುಮಕೂರಿನ ಶಿರಾ ಗೇಟ್ ಆಚೆಯೋ, ಕೋಲಾರದ ಹೊಸ ಬಡಾವಣೆಗಳಲ್ಲೋ ಒಂದು ಸುತ್ತು ಹಾಕಿ ಬನ್ನಿ. ಬೀದಿಗೆ ನಾಲ್ಕು ಮನೆ ಏಳುತ್ತಿವೆ. ಎಲ್ಲವೂ ಮೂವತ್ತು–ನಲವತ್ತರ ಸೈಟು. ಪಿಲ್ಲರ್, ಸಾಲಿಡ್ ಬ್ಲಾಕ್, ಮೇಲೆ ಮೋಲ್ಡು. ಈ ಮನೆಗಳಿಗೆ ಯಾವ ಹಸಿರು ನಿಯಮ ಅನ್ವಯಿಸುತ್ತದೆ ಅಂತ ಕೇಳಿದರೆ, ಹೇಳಿಕೊಳ್ಳುವಂಥದ್ದು ಏನೂ ಇಲ್ಲ.

ಕಾನೂನು ಇಲ್ಲ ಅಂತಲ್ಲ. ಮನೆಗಳಿಗೆಂದೇ ಕೇಂದ್ರ ಸರ್ಕಾರ 2018ರಲ್ಲಿ ಇಕೋ ನಿವಾಸ್ ಸಂಹಿತಾ ಅಂತ ಒಂದನ್ನು ತಂದಿತು. ಗೋಡೆ, ಕಿಟಕಿಯಿಂದ ಎಷ್ಟು ಶಾಖ ಒಳಗೆ ಬರಬಹುದು, ತಾರಸಿಯಿಂದ ಎಷ್ಟು ಅಂತ ಅದರಲ್ಲಿ ಮಿತಿ ಇದೆ. ಒಳ್ಳೆಯ ನಿಯಮವೇ. ಆದರೆ ಅದನ್ನು ಬರೆದದ್ದು 500 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ನಿವೇಶನಗಳಿಗೆ. ಮೂವತ್ತು–ನಲವತ್ತು ಅಂದರೆ 111 ಚದರ ಮೀಟರ್. ಅರವತ್ತು–ನಲವತ್ತು ಕೊಂಡವನೇ ನಮ್ಮೂರಲ್ಲಿ ಸಾಹುಕಾರ, ಅವನದೂ 223 ದಾಟುವುದಿಲ್ಲ. ವಾಣಿಜ್ಯ ಕಟ್ಟಡಗಳ ಇಂಧನ ಸಂಹಿತೆ ಶುರುವಾಗುವುದೇ 100 ಕಿಲೋವಾಟ್ ಸಂಪರ್ಕದಿಂದ. ತುಮಕೂರಿನ ಬಿ.ಎಚ್. ರಸ್ತೆಯ ಎರಡಂತಸ್ತಿನ ಬಟ್ಟೆ ಅಂಗಡಿ ಅದರ ಕೆಳಗೆ ಆರಾಮಾಗಿ ನುಸುಳಿಕೊಳ್ಳುತ್ತದೆ.

ನಾನಿರುವುದು ಜರ್ಮನಿಯ ವೈಮಾರ್‌ನಲ್ಲಿ. ಹಳೇ ಮನೆಗಳ ದುರಸ್ತಿಗೆ ಲೆಕ್ಕ ಹಾಕಿಕೊಡುವ ಕಚೇರಿಯಲ್ಲಿ ಕೆಲಸ. ಹುಟ್ಟಿದ್ದು ಕುಣಿಗಲ್ ತಾಲ್ಲೂಕು. ಊರಿಂದ ಫೋನ್ ಮಾಡಿದವರೆಲ್ಲ ಕೇಳುವುದು ಒಂದೇ: ಅಲ್ಲಿ ಎಲ್ಲ ಕಟ್ಟುನಿಟ್ಟಾಗಿ ಮಾಡ್ತಾರಂತೆ, ನಮ್ಮಲ್ಲೂ ಹಾಗೇ ತಂದರೆ ಸರಿಹೋಗಲ್ವಾ? ಅರ್ಧ ಹೌದು, ಅರ್ಧ ಅಲ್ಲ. ಅಲ್ಲ ಅನ್ನುವ ಅರ್ಧವನ್ನು ಮೊದಲು ಹೇಳಿಬಿಡುತ್ತೇನೆ.

ಇಲ್ಲಿ ಮನೆ ಮಾರುವಾಗ, ಬಾಡಿಗೆಗೆ ಕೊಡುವಾಗ ಆ ಮನೆಯ ಇಂಧನ ಪತ್ರ ತೋರಿಸಲೇಬೇಕು. ಎ ಪ್ಲಸ್‌ನಿಂದ ಎಚ್ ತನಕ ದರ್ಜೆ ಇರುತ್ತದೆ. ಹೊಸ ಮನೆ ಮುಗಿಯುವಾಗ ಬಾಗಿಲಿಗೆ ದೊಡ್ಡ ಫ್ಯಾನ್ ಕಟ್ಟಿ, ಗಾಳಿ ಎಳೆದು, ಎಲ್ಲೆಲ್ಲಿ ಸಂದಿ ಇದೆ ಅಂತ ಹುಡುಕುವುದೂ ಉಂಟು. ಗವಾಕ್ಷಿ ಇಟ್ಟು ಮನೆ ಕಟ್ಟುವ ನಮಗೆ ಇದು ತಮಾಷೆಯೇ. ಆದರೆ ಇಲ್ಲಿನ ಚಳಿಗೆ ಅದು ಬೇಕು. ನಿರೋಧಕ ಹೊದಿಕೆ ಇಲ್ಲದ ಹಳೇ ಮನೆಯೊಂದು ಬಿಸಿ ಮಾಡುವುದಕ್ಕೇ ಚದರ ಮೀಟರಿಗೆ ವರ್ಷಕ್ಕೆ 200 ಯೂನಿಟ್ ನುಂಗುತ್ತದೆ. 1991ರಲ್ಲಿ ಡಾರ್ಮ್‌ಸ್ಟಾಟ್‌ನಲ್ಲಿ ಕಟ್ಟಿ ಮುಗಿಸಿದ ಮೊದಲ ಪ್ಯಾಸಿವ್ ಹೌಸ್‌ನಿಂದ, ಅಂದರೆ ಹೀಟರ್ ಹೆಚ್ಚುಕಮ್ಮಿ ಬೇಡದ ಮನೆಯಿಂದ, ಬಂದ ಗುರಿ 15 ಯೂನಿಟ್. ಇನ್ನೂರರಿಂದ ಹದಿನೈದಕ್ಕೆ! ಹಾಗಾಗಿ ಇಲ್ಲಿನ ನಿಯಮಗಳೆಲ್ಲ ಬಿಸಿ ಹಿಡಿದಿಡುವುದರ ಸುತ್ತಲೇ ಬೆಳೆದವು. ಗೋಡೆಗೆ ಗೇಣು ದಪ್ಪದ ಥರ್ಮಾಕೋಲ್ ಅಂಟಿಸಿ, ಮೇಲೆ ಬಣ್ಣ ಬಳಿದು, ಹಸಿರು ಮನೆ ಅಂತ ಸಹಾಯಧನ ತೆಗೆದುಕೊಂಡವರೂ ಇದ್ದಾರೆ. ಮುಂದೆ ಆ ಥರ್ಮಾಕೋಲನ್ನು ಎಲ್ಲಿ ಎಸೆಯುವುದು ಅನ್ನುವುದು ಈಗಿನ ತಲೆನೋವು.

ತುಮಕೂರಿನ ಮನೆಯ ಲೆಕ್ಕ ಬೇರೆ. ಮೇಸ್ತ್ರಿಗಳ ಬಾಯಿಲೆಕ್ಕದಲ್ಲಿ ಚದರಕ್ಕೆ, ಅಂದರೆ ನೂರು ಚದರಡಿಗೆ, 40 ಚೀಲ ಸಿಮೆಂಟು. ಹನ್ನೆರಡು ಚದರದ ಮನೆಗೆ 480 ಚೀಲ, ಅಂದರೆ 24 ಟನ್. ಒಂದು ಟನ್ ಒಪಿಸಿ, ಅಂದರೆ ಬೂದಿ ಬೆರೆಸದ ಸಾದಾ ಸಿಮೆಂಟು ಮಾಡುವಾಗ ಹತ್ತಿರ ಹತ್ತಿರ 800ರಿಂದ 900 ಕಿಲೋ ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಹೋಗುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸುಣ್ಣದ ಕಲ್ಲೇ ಒಡೆದು ಬಿಡುವಂಥದ್ದು. ಗೂಡಿಗೆ ಕಲ್ಲಿದ್ದಲು ಹಾಕಿದರೂ ಅಷ್ಟೇ, ಸೋಲಾರ್ ಹಾಕಿದರೂ ಅಷ್ಟೇ. ಸಿಮೆಂಟಿಂದಲೇ 20 ಟನ್ ಆಯಿತು. ಇನ್ನು ಅದೇ ಮನೆಯವರು ತಿಂಗಳಿಗೆ 100 ಯೂನಿಟ್ ಕರೆಂಟು ಸುಟ್ಟರೆ, ಯೂನಿಟ್ಟಿಗೆ 700 ಗ್ರಾಂ ಅಂತ ಹಿಡಿದರೂ, ವರ್ಷಕ್ಕೆ ಒಂದು ಟನ್ನೂ ಆಗುವುದಿಲ್ಲ. ಗೃಹಪ್ರವೇಶದ ದಿನ ಹಾಲು ಉಕ್ಕುವ ಮೊದಲೇ ಇಪ್ಪತ್ತು ವರ್ಷಕ್ಕೂ ಜಾಸ್ತಿ ಕರೆಂಟಿನ ಕಾರ್ಬನ್ ಆ ಗೋಡೆಯೊಳಗೆ ಕೂತಿರುತ್ತದೆ. ಕಬ್ಬಿಣವನ್ನು ನಾನಿನ್ನೂ ಸೇರಿಸಿಲ್ಲ.

ಆದ್ದರಿಂದ ಜರ್ಮನಿಯ ನಿಯಮ ಪುಸ್ತಕವನ್ನು ತಂದು ನಮ್ಮ ಪಾಲಿಕೆಯ ಮೇಜಿನ ಮೇಲಿಟ್ಟರೆ ಪ್ರಯೋಜನ ಕಡಿಮೆ. ನಮಗೆ ಬೇಕಾದದ್ದು ಸಿಮೆಂಟು, ಕಬ್ಬಿಣ, ಸುಟ್ಟ ಇಟ್ಟಿಗೆಯ ಲೆಕ್ಕ. ಅದಕ್ಕೆ ಡೆನ್ಮಾರ್ಕ್ ಕಡೆ ನೋಡಬಹುದು. ಅಲ್ಲಿ 2023ರಿಂದ 1000 ಚದರ ಮೀಟರ್ ಮೀರಿದ ಹೊಸ ಕಟ್ಟಡಗಳಿಗೆ ಕಟ್ಟುವ ಸಾಮಾನನ್ನೂ ಸೇರಿಸಿ ಕಾರ್ಬನ್ ಮಿತಿ ಹಾಕಿದರು. ಆಗಿನ ಮಿತಿ ಚದರ ಮೀಟರಿಗೆ ವರ್ಷಕ್ಕೆ 12 ಕಿಲೋ. ಜರ್ಮನಿಯೇ ಇದರಲ್ಲಿ ಹಿಂದೆ.

ಈಗ ಹೌದು ಅನ್ನುವ ಅರ್ಧ. ಜರ್ಮನಿಯಿಂದ ಕಲಿಯಬೇಕಾದದ್ದು ಕಟ್ಟಡಕ್ಕೆ ಕೊಡುವ ಪತ್ರಕ್ಕಿಂತ ಹೆಚ್ಚಾಗಿ ಕಟ್ಟುವವನಿಗೆ ಕೊಡುವ ಪತ್ರ. ಇಲ್ಲಿ ಗಾರೆ ಕೆಲಸ ಕಲಿಯುವುದು ಮೂರು ವರ್ಷದ ಓದು. ಹುಡುಗ ಒಂದು ಕಂಪನಿಯಲ್ಲಿ ಸಂಬಳ ತೆಗೆದುಕೊಂಡು ಕೆಲಸ ಮಾಡುತ್ತಾನೆ, ಜೊತೆಗೆ ಶಾಲೆಗೂ ಹೋಗುತ್ತಾನೆ, ತರಬೇತಿ ಕೇಂದ್ರದಲ್ಲಿ ಗೋಡೆ ಕಟ್ಟಿ ಕೆಡವಿ ಕಲಿಯುತ್ತಾನೆ. ಕೊನೆಗೆ ಪರೀಕ್ಷೆ. ಸ್ವಂತ ಕಂಪನಿ ತೆರೆಯಬೇಕು ಅಂದರೆ ಸಾಮಾನ್ಯವಾಗಿ ಅದರ ಮೇಲೊಂದು ಮೈಸ್ಟರ್ ಪರೀಕ್ಷೆ ಪಾಸಾಗಬೇಕು. ಕಾಗದಪತ್ರ ಜಾಸ್ತಿ, ಕೆಲಸ ನಿಧಾನ, ಒಂದು ಬಾತ್‌ರೂಮ್ ರಿಪೇರಿಗೆ ತಿಂಗಳುಗಟ್ಟಲೆ ಕಾಯಬೇಕು. ಹೊಸ ಹುಡುಗರು ಈ ಕಸುಬಿಗೆ ಬರುತ್ತಿಲ್ಲ ಅನ್ನುವ ಗೋಳು ಇಲ್ಲೂ ಇದೆ. ಆದರೂ ಹೊಸ ಸಾಮಾನು, ಹೊಸ ವಿಧಾನ ಬಂದಾಗ ಅದನ್ನು ಕೈಗಳಿಗೆ ತಲುಪಿಸುವ ದಾರಿಯೊಂದು ಇಲ್ಲಿ ಸಿದ್ಧವಾಗಿದೆ.

ಮಣ್ಣಿನ ವಿಷಯವನ್ನೇ ನೋಡಿ. ವೈಮಾರ್ ಸುತ್ತ ಮರದ ಚೌಕಟ್ಟಿಗೆ ಮಣ್ಣು ತುಂಬಿದ ನೂರಾರು ವರ್ಷದ ಮನೆಗಳಿವೆ. ಆ ಕೆಲಸ ಗೊತ್ತಿದ್ದವರು ಒಂದು ಕಾಲಕ್ಕೆ ಇಲ್ಲೂ ಮುಗಿಯುತ್ತಾ ಬಂದಿದ್ದರು. 1992ರಲ್ಲಿ ಮಣ್ಣಿನ ಕಟ್ಟಡದವರ ಒಕ್ಕೂಟವೊಂದು ಹುಟ್ಟಿತು, ಅದರ ಕಚೇರಿ ಇದೇ ಊರಲ್ಲಿದೆ. ಅವರು ಮೊದಲು ಮಣ್ಣಿನ ಕೆಲಸದ ನಿಯಮಗಳನ್ನು ಬರೆದರು. ಕುಶಲಕರ್ಮಿಗಳ ಮಂಡಳಿ ಒಪ್ಪುವಂಥ ಕೋರ್ಸ್ ಮಾಡಿದರು. 2013ರಲ್ಲಿ ಮಣ್ಣಿನ ಇಟ್ಟಿಗೆಗೆ ಡಿನ್ 18945 ಅನ್ನುವ ಮಾನಕವೇ ಬಂತು. ಈಗ ಮಣ್ಣಿನ ಗೋಡೆ ಬೇಕು ಅಂದರೆ ಇಂಜಿನಿಯರ್ ಹೆದರುವುದಿಲ್ಲ, ಪತ್ರ ಇರುವ ಮೇಸ್ತ್ರಿಯೂ ಸಿಗುತ್ತಾನೆ.

ಇದನ್ನು ಓದುವಾಗ ನನಗೆ ಹೊಟ್ಟೆ ಉರಿಯುತ್ತದೆ. ಯಾಕೆಂದರೆ ಈ ಕೆಲಸ ನಮ್ಮ ತಾಲ್ಲೂಕಿನಲ್ಲೇ ಇನ್ನೂ ಮೊದಲು ನಡೆದಿತ್ತು. ಅಸ್ತ್ರ ಒಲೆ ನೆನಪಿದೆಯಾ? ಹೊಗೆ ಕೊಳವೆಯಲ್ಲಿ ಹೊರಗೆ ಹೋಗುತ್ತಿದ್ದ ಆ ಸೌದೆ ಒಲೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿ 1974ರಲ್ಲಿ ಕಟ್ಟಿದ ಅಸ್ತ್ರ ತಂಡದ್ದು ಅದು. ಆ ತಂಡದ ಹಳ್ಳಿ ಕೇಂದ್ರ ಇದ್ದದ್ದು ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ. ಅದೇ ತಂಡದ ಕೆ.ಎಸ್. ಜಗದೀಶ್ ಮತ್ತಿತರರು ಒತ್ತಿದ ಮಣ್ಣಿನ ಇಟ್ಟಿಗೆಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ಕೆಮ್ಮಣ್ಣಿಗೆ ಮರಳು ಹೊಂದಿಸಿ, ನೂರಕ್ಕೆ ಐದರಿಂದ ಎಂಟು ಪಾಲು ಸಿಮೆಂಟು ಬೆರೆಸಿ, ಕೈಯಿಂದಲೇ ಒತ್ತುವ ಯಂತ್ರದಲ್ಲಿ ಹಾಕಿ ಒತ್ತುವುದು. ಸುಡುವುದಿಲ್ಲ. ಮೂರು–ನಾಲ್ಕು ವಾರ ಒದ್ದೆ ಇಟ್ಟರೆ ಸಾಕು. ಮಾನಕ ಇಲ್ಲ ಅನ್ನುವ ಹಾಗೂ ಇಲ್ಲ. ಮಣ್ಣಿನ ಬ್ಲಾಕಿಗೆ ಐಎಸ್ 1725 ಅನ್ನುವ ಭಾರತೀಯ ಮಾನಕ 1982ರ ರೂಪದಲ್ಲೇ ಇತ್ತು, 2013ರಲ್ಲಿ ಮತ್ತೆ ತಿದ್ದಿದರು. ಜಗದೀಶ್ ಮತ್ತು ಅದೇ ಸಂಸ್ಥೆಯ ಬಿ.ವಿ. ವೆಂಕಟರಾಮ ರೆಡ್ಡಿ 2003ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಪಿಲ್ಲರ್ ಮೇಲೆ ನಿಂತ ಕಾಂಕ್ರೀಟ್ ಕಟ್ಟಡಕ್ಕೆ ಹೋಲಿಸಿದರೆ ಮಣ್ಣಿನ ಬ್ಲಾಕು, ಫಿಲ್ಲರ್ ಸ್ಲ್ಯಾಬಿನ (ಕೆಳಭಾಗದ ಕಾಂಕ್ರೀಟಿನ ಬದಲು ಹೆಂಚೋ ಬ್ಲಾಕೋ ಇಟ್ಟು ಹಾಕುವ ಮೋಲ್ಡು) ಮನೆ ಕಟ್ಟಲು ಬೇಕಾಗುವ ಇಂಧನ ಶೇ. 62ರಷ್ಟು ಕಡಿಮೆ.

ಹಾಗಾದರೆ ಎಲ್ಲಿ ತಪ್ಪಿತು? ಇವತ್ತು ಬೆಂಗಳೂರಲ್ಲಿ ಆರ್ಕಿಟೆಕ್ಟ್ ಹಿಡಿದು ಮಣ್ಣಿನ ಬ್ಲಾಕಿನ ದೊಡ್ಡ ದೊಡ್ಡ ಮನೆ ಕಟ್ಟಿಸುವವರಿದ್ದಾರೆ. ಕುಣಿಗಲ್ ಸಂತೆ ಬೀದಿಯಲ್ಲಿ ಒಬ್ಬ ಮೇಸ್ತ್ರಿಯನ್ನು ನಿಲ್ಲಿಸಿ ಕೇಳಿದರೆ ನಗುತ್ತಾನೆ. ನಮ್ಮ ಚಿಕ್ಕಪ್ಪನ ಮಗ ತುಮಕೂರಲ್ಲಿ ಮನೆಗೆ ಪಾಯ ಹಾಕಿಸುವಾಗ ನಾನೂ ರಜೆಯಲ್ಲಿ ಊರಲ್ಲಿದ್ದೆ. ಮಣ್ಣಿನ ಬ್ಲಾಕ್ ಮಾತೆತ್ತಿದ್ದೇ ತಡ, ಮೇಸ್ತ್ರಿ ಹೇಳಿದ: ‘ಸಾರ್, ನೀವು ಫಾರಿನ್‌ನಲ್ಲಿದ್ದೀರ, ನಿಮಗೆ ನಡೀತದೆ. ಇಲ್ಲಿ ಮಣ್ಣಿನ ಮನೆ ಅಂದ್ರೆ ಹುಡುಗನಿಗೆ ಹೆಣ್ಣು ಕೊಡಲ್ಲ.’ ಮಾತಿನಲ್ಲಿ ಸತ್ಯ ಇದೆ. ಆದರೆ ಪೂರ್ತಿ ಅಷ್ಟೇ ಅಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವನೇ ಬಾಯಿಬಿಟ್ಟ. ಯಾವ ಮಣ್ಣು ಆಗುತ್ತದೆ, ಯಾವುದು ಆಗಲ್ಲ ಅಂತ ನೋಡುವುದು ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಗೋಡೆ ಬಿರುಕು ಬಿಟ್ಟರೆ ಬೈಸಿಕೊಳ್ಳುವವನು ಅವನು. ಗೊತ್ತಿಲ್ಲದ ಸಾಮಾನಿಗೆ ತನ್ನ ಹೆಸರು ಯಾಕೆ ಒತ್ತೆ ಇಡಬೇಕು?

ಅವನ ಮಾತು ನ್ಯಾಯವಾದದ್ದೇ. ಗಾಜಿನ ಬಾಟಲಿಯಲ್ಲಿ ಮಣ್ಣು, ನೀರು ಹಾಕಿ ಕುಲುಕಿ, ಮರಳೆಷ್ಟು ಕೆಳಗೆ ಕೂತಿತು, ಜೇಡಿ ಎಷ್ಟು ಮೇಲೆ ನಿಂತಿತು ಅಂತ ನೋಡುವ ಪರೀಕ್ಷೆಗೆ ಒಂದು ದಿನ ಸಾಕು. ಎರೆ ಮಣ್ಣು ಬೇಡ, ನಮ್ಮ ಕೆಮ್ಮಣ್ಣು ನಡೆಯುತ್ತದೆ ಅನ್ನುವುದನ್ನು ಕಲಿಯಲು ಇಂಜಿನಿಯರಿಂಗ್ ಓದಬೇಕಿಲ್ಲ. ಯಾರಾದರೂ ಜೊತೆಗೆ ನಿಂತು ಒಂದು ಗೋಡೆ ಕಟ್ಟಿಸಬೇಕು ಅಷ್ಟೇ.

ಮಣ್ಣಿಗೇ ಅಂಟಿಕೊಳ್ಳಬೇಕು ಅಂತಲೂ ನಾನು ಹೇಳುವುದಿಲ್ಲ. ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಕಲ್ಲುಚಪ್ಪಡಿ ಹೊದಿಸಿದ ಮನೆಗಳು ಇನ್ನೂ ನಿಂತಿವೆ. ಕಂಬ ಕಲ್ಲು, ತೊಲೆ ಕಲ್ಲು, ಹೊದಿಕೆ ಕಲ್ಲು. ಬಂಡೆಯ ಎಳೆ ನೋಡಿ ಉಳಿ ಇಟ್ಟು ಸೀಳುವ ಭೋವಿ ಸಮುದಾಯದವರ ಕೈಚಳಕ ಅದು. ಇಂಗಾಲದ ಲೆಕ್ಕದಲ್ಲಿ ಅದನ್ನು ಮೀರಿಸುವ ತಾರಸಿ ಕಷ್ಟ. ಆದರೆ ಈಗ ಆ ಕಡೆ ಬೆಟ್ಟಗಳು ಕ್ರಷರ್‌ಗೆ ಹೋಗಿ ಜಲ್ಲಿ, ಎಂ-ಸ್ಯಾಂಡ್ ಆಗುತ್ತಿವೆ. 2021ರ ಫೆಬ್ರವರಿಯಲ್ಲಿ ಹಿರೇನಾಗವಲ್ಲಿ ಹತ್ತಿರ ಜಿಲೆಟಿನ್ ಸಿಡಿದು ಆರು ಜನ ಸತ್ತದ್ದನ್ನು ಚಿಕ್ಕಬಳ್ಳಾಪುರದವರು ಮರೆತಿಲ್ಲ. ಮಾಲೂರಿನ ಇಟ್ಟಿಗೆ, ಹೆಂಚಿನ ಗೂಡುಗಳಿಗೆ ಮಣ್ಣೂ ಬೇಕು, ಸೌದೆಯೂ ಬೇಕು. ಎಂ-ಸ್ಯಾಂಡ್ ಬರುವ ಮೊದಲು ಹೊಲದ ಮಣ್ಣು ತೊಳೆದು ಫಿಲ್ಟರ್ ಮರಳು ಮಾಡಿ ಈ ಜಿಲ್ಲೆಗಳು ಪಟ್ಟ ಪಾಡು ಬೇರೆ. ಬೆಂಗಳೂರು ಬೆಳೆಯುವುದಕ್ಕೆ ಸಾಮಾನು ಹೋಗಿದ್ದು ಇಲ್ಲಿಂದಲೇ, ಫಲಕ ಮಾತ್ರ ಅಲ್ಲಿ ನೇತಾಡುತ್ತದೆ.

ಕಾರ್ಬನ್ ಕಡಿಮೆ ಮಾಡುವ ಕೌಶಲ ಅಂದರೆ ಏನೋ ದೊಡ್ಡದು ಅಂದುಕೊಳ್ಳಬೇಡಿ. ಬಹಳಷ್ಟು ಕೆಲಸ ಸಿಮೆಂಟು ಅಂಗಡಿಯಲ್ಲೇ ಶುರುವಾಗುತ್ತದೆ. 53 ಗ್ರೇಡ್ ಒಪಿಸಿಯೇ ಗಟ್ಟಿ ಅಂತ ಜನ ನಂಬಿದ್ದಾರೆ. ಕಂಟ್ರಾಕ್ಟರಿಗೂ ಅದೇ ಇಷ್ಟ, ಬೇಗ ಸೆಟ್ ಆಗುತ್ತದೆ, ಸೆಂಟ್ರಿಂಗ್ ಬೇಗ ಬಿಚ್ಚಬಹುದು. ಹಾರುಬೂದಿ ಬೆರೆಸಿದ ಪಿಪಿಸಿಗೆ ಹೋದರೆ ಕಾಲುಭಾಗದಷ್ಟು ಕಾರ್ಬನ್ ಅಲ್ಲೇ ಉಳಿಯುತ್ತದೆ. ಆದರೆ ಪಿಪಿಸಿ ನಿಧಾನವಾಗಿ ಬಲಿಯುತ್ತದೆ. ಕನಿಷ್ಠ 10 ದಿನ ನೀರು ಕಟ್ಟಬೇಕು, ನಮ್ಮ ಏಪ್ರಿಲ್ ಬಿಸಿಲಿಗೆ 14 ದಿನ. ಟ್ಯಾಂಕರ್ ನೀರಿಗೆ ದುಡ್ಡು ಕೊಡುವ ಊರಲ್ಲಿ ಕ್ಯೂರಿಂಗ್ ಅನ್ನುವುದು ಬೆಳಿಗ್ಗೆ ಒಂದು ಬಕೆಟ್ ಎರಚುವಷ್ಟಕ್ಕೆ ಮುಗಿಯುತ್ತದೆ. ಒದ್ದೆ ಗೋಣಿಚೀಲ ಹೊದಿಸಿದರೆ ಅದೇ ನೀರು ಎಷ್ಟೋ ಹೊತ್ತು ನಿಲ್ಲುತ್ತದೆ ಅಂತ ಹೇಳುವವರಿಲ್ಲ. ಕಾಂಕ್ರೀಟು ಸರಾಗವಾಗಿ ಹರಿಯಲಿ ಅಂತ ನೀರು ಜಾಸ್ತಿ ಸುರಿಯುವುದು, ಬಲ ಕಡಿಮೆಯಾಯಿತು ಅಂತ ಸಿಮೆಂಟು ಜಾಸ್ತಿ ಹಾಕುವುದು, ಇದು ದಿನಾ ನಡೆಯುವ ಕಥೆ. ಸುಟ್ಟ ಜೇಡಿ, ಸುಣ್ಣದ ಕಲ್ಲು ಬೆರೆಸಿ ಮಾಡುವ ಎಲ್‌ಸಿ3 ಸಿಮೆಂಟಿಗೂ 2023ರಲ್ಲಿ ಭಾರತೀಯ ಮಾನಕ ಬಂದಿದೆ. ಅದು ನಾಳೆ ಅಂಗಡಿಗೆ ಬಂದರೆ ಮೇಸ್ತ್ರಿಗೆ ಅದರ ಬಗ್ಗೆ ಹೇಳುವವರು ಯಾರು? ಚೀಲದ ಮೇಲಿನ ಅಕ್ಷರವಾ?

ದುಡ್ಡಿಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. 1996ರ ಕಾನೂನಿನಿಂದ ಶುರುವಾದ, ಕಟ್ಟಡದ ಖರ್ಚಿನ ಮೇಲಿನ ಶೇ. 1 ಸೆಸ್ ಕಟ್ಟಡ ಕಾರ್ಮಿಕರ ಮಂಡಳಿಗೆ ಹೋಗುತ್ತದೆ. ಲೇಬರ್ ಕಾರ್ಡ್ ಮಾಡಿಸಿಕೊಂಡವರಿಗೆ ಮದುವೆಗೆ, ಆಸ್ಪತ್ರೆಗೆ, ಮಕ್ಕಳ ಓದಿಗೆ ಸಹಾಯ ಸಿಗುತ್ತದೆ. ಅದು ಬೇಕೇ ಬೇಕು. ಅದರ ಜೊತೆಗೆ ಆ ಕಾರ್ಡಿನ ಮೇಲೆ ಒಂದು ಸಾಲು ಸೇರಲಿ: ಈತ ಫಿಲ್ಲರ್ ಸ್ಲ್ಯಾಬ್ ಹಾಕಬಲ್ಲ, ಈಕೆ ಮಣ್ಣಿನ ಬ್ಲಾಕ್ ಒತ್ತಿಸಬಲ್ಲಳು ಅಂತ. ಈಕೆ ಅಂದದ್ದು ಸುಮ್ನೆ ಅಲ್ಲ. ನಮ್ಮ ಸೈಟುಗಳಲ್ಲಿ ಬಾಂಡ್ಲಿ ಹೊರುವ ಹೆಂಗಸರಿಗೆ ಕರಣೆ ಕೊಡುವವರು ಇನ್ನೂ ಅಪರೂಪ. ತರಬೇತಿಗೆ ಬಂದ ದಿನದ ಕೂಲಿಯನ್ನು ಕೊಡಬೇಕು, ಇಲ್ಲದಿದ್ದರೆ ಯಾರೂ ಬರುವುದಿಲ್ಲ. ಕೂಲಿ ಬಿಟ್ಟು ಉಪನ್ಯಾಸ ಕೇಳಲು ಬನ್ನಿ ಅನ್ನುವ ಶಿಬಿರಗಳಲ್ಲಿ ಫೋಟೋ ಚೆನ್ನಾಗಿ ಬರುತ್ತದೆ, ಗೋಡೆ ಏಳುವುದಿಲ್ಲ. ಜಿಲ್ಲೆಗೊಂದು ನಿರ್ಮಿತಿ ಕೇಂದ್ರ ಇದೆ. ಅಗ್ಗದ, ಸ್ಥಳೀಯ ಸಾಮಾನಿನ ಕಟ್ಟಡಗಳ ಆಸೆಯಿಂದ ಹುಟ್ಟಿದ ಕೇಂದ್ರಗಳು ಅವು. ವರ್ಷಕ್ಕೆ ಒಂದಿಷ್ಟು ಅಂಗನವಾಡಿಯನ್ನಾದರೂ ಕಲಿಸುತ್ತಾ ಕಟ್ಟಲಿ.

ಚಿಕ್ಕಪ್ಪನ ಮಗನ ಮನೆ ಈಗ ಲಿಂಟಲ್ ಮಟ್ಟಕ್ಕೆ ಬಂದಿದೆ. ಗೋಡೆ ಸಾಲಿಡ್ ಬ್ಲಾಕೇ. ಸಿಮೆಂಟು ಪಿಪಿಸಿ ಆಯಿತು. ಹಿಂದಿನ ಕೋಣೆಯ ಮೋಲ್ಡಿಗೆ ಹಳೇ ಮಂಗಳೂರು ಹೆಂಚು ಇಟ್ಟು ಫಿಲ್ಲರ್ ಸ್ಲ್ಯಾಬ್ ಮಾಡಲು ಮೇಸ್ತ್ರಿ ಒಪ್ಪಿದ್ದಾನೆ. ಕಾಂಕ್ರೀಟು ಐದನೇ ಒಂದು ಪಾಲಿನಷ್ಟು ಉಳಿಯಬಹುದು. ಒಪ್ಪುವ ಮೊದಲು ಅವನು ಕೇಳಿದ್ದು ಹೆಂಚು ಸಾಲಾಗಿ ಕೂರಿಸುವ ದಿನಕ್ಕೆ ಕೂಲಿ ಯಾವ ಲೆಕ್ಕದಲ್ಲಿ ಅಂತ. ಕೆಳಗೆ ಪ್ಲಾಸ್ಟರಿಂಗ್ ಇರುವುದಿಲ್ಲ, ಅಲ್ಲಿನ ಅಡಿ ಲೆಕ್ಕದ ದುಡ್ಡು ಅವನಿಗೆ ಹೋಯಿತು. ಕೆಲಸ ನಾಜೂಕು, ದರ ಕಡಿಮೆ. ಚದರದ ಮೇಲೆ ಮಾತಾಡಿದ ದರದಲ್ಲಿ ಇದಕ್ಕೆ ಜಾಗವೇ ಇಲ್ಲ. ಕೊನೆಗೆ ಪ್ಲಾಸ್ಟರಿಂಗ್‌ನಲ್ಲಿ ಉಳಿದ ಸಿಮೆಂಟಿನ ದುಡ್ಡನ್ನು ಅವನ ಕೂಲಿಗೇ ಸೇರಿಸುವುದು ಅಂತ ತೀರ್ಮಾನ ಆಯಿತು. ಪಾಲಿಕೆ ನಾಳೆ ಏನಾದರೂ ಹಸಿರು ನಿಯಮ ತಂದರೆ, ಈ ದರಪಟ್ಟಿಯನ್ನೂ ಅದರ ಜೊತೆಗೇ ತರಲಿ.