ಏಳನೇ ಇನ್ನಿಂಗ್ಸಿನ ಕಜ್ಜಾಯ

ತಪ್ಪು ನನ್ನದೇ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಅಮೆರಿಕದ ಬೇಸ್‌ಬಾಲ್ ತಂಡ ಸಿಯಾಟಲ್ ಮ್ಯಾರಿನರ್ಸ್ 2025ರಲ್ಲೂ ವರ್ಲ್ಡ್ ಸೀರೀಸ್ ಎಂಬ ಫೈನಲ್ ಮುಟ್ಟಲಿಲ್ಲ. ಪಿಚ್ಚರ್‌ನನ್ನು, ಅಂದರೆ ಚೆಂಡು ಎಸೆಯುವವನನ್ನು, ಬದಲಾಯಿಸಿದ್ದು ಸರಿಯಿಲ್ಲ, ಅವನನ್ನು ತರಬೇಕಿತ್ತು, ಇವನನ್ನು ತರಬೇಕಿತ್ತು ಎಂದು ಬಲ್ಲವರು ಏನೇನೋ ಬರೆದರು. ಪಾಪ, ಅವರಿಗೆ ನಮ್ಮ ಮನೆಯ ಸ್ಮೋಕ್ ಅಲಾರಂ ವಿಷಯ ಗೊತ್ತಿಲ್ಲ.

ನಾನು ತಿಪಟೂರಿನವನು. ಹೊಟ್ಟೆಪಾಡಿಗೆ ಸಿಯಾಟಲ್ ಪಕ್ಕದ ಊರಿನಲ್ಲಿ ಕೂತು ಕಂಪ್ಯೂಟರ್ ಕುಟ್ಟುತ್ತೇನೆ. ಬಂದ ಹೊಸದರಲ್ಲಿ ಬೇಸ್‌ಬಾಲ್ ಅಂದರೆ ಚಿನ್ನಿದಾಂಡಿಗೆ ಪ್ಯಾಂಟು ಹಾಕಿಸಿದ ಹಾಗೆ ಕಾಣುತ್ತಿತ್ತು. ಆದರೆ ಸೋಲುವ ತಂಡವನ್ನು ಪ್ರೀತಿಸುವುದರಲ್ಲಿ ನನಗೆ ಒಳ್ಳೆಯ ತರಬೇತಿ ಇತ್ತು. ಆರ್‌ಸಿಬಿ 2009, 2011, 2016ರಲ್ಲಿ ಫೈನಲ್‌ವರೆಗೆ ಹೋಗಿ ಬರಿಗೈಯಲ್ಲಿ ಬಂದಾಗ ಅತ್ತವನು ನಾನು. 2017ರಲ್ಲಿ 49ಕ್ಕೆ ಆಲೌಟ್ ಆದಾಗ ಟಿವಿ ಕೆಟ್ಟಿದೆ ಅಂದುಕೊಂಡವನೂ ನಾನೇ. ಮರುವರ್ಷ ಮತ್ತೆ ‘ಈ ಸಲ ಕಪ್ ನಮ್ದೇ’ ಅಂದೆ, ಒಂಚೂರೂ ನಾಚಿಕೆಯಿಲ್ಲದೆ. ಹಾಗಾಗಿ ಮ್ಯಾರಿನರ್ಸ್ ಅಭಿಮಾನಿಗಳ ನಡುವೆ ಬಂದು ಬಿದ್ದಾಗ ತವರಿಗೆ ಬಂದಂತಾಯಿತು.

ನನಗೆ ದೀಕ್ಷೆ ಕೊಟ್ಟವರು ಪಕ್ಕದ ಮನೆಯ ತಾತ. ತಂಡ ಹುಟ್ಟಿದ 1977ರಿಂದ ನೋಡುತ್ತಿರುವವರು. ಲೀಗಿನಲ್ಲಿ 30 ತಂಡಗಳಿವೆ, ಇನ್ನೂ ಒಂದು ಸಲವೂ ವರ್ಲ್ಡ್ ಸೀರೀಸ್‌ನಲ್ಲಿ ಆಡದಿರುವುದು ಇವರೊಬ್ಬರೇ. ಗೆಲ್ಲುವುದಿರಲಿ, ಆಡಿಯೇ ಇಲ್ಲ. ಅಂದಹಾಗೆ, ವರ್ಲ್ಡ್ ಸೀರೀಸ್ ಅಂದರೆ ಪ್ರಪಂಚವೆಲ್ಲ ಬರುತ್ತದೆ ಅಂದುಕೊಳ್ಳಬೇಡಿ. ಅಮೆರಿಕದ್ದು 29 ತಂಡ, ಕೆನಡಾದ್ದು ಒಂದು. ಆ ಒಂದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬರುತ್ತದೆ.

2001ರಲ್ಲಿ ತಂಡ 162 ಪಂದ್ಯಗಳಲ್ಲಿ 116 ಗೆದ್ದಿತ್ತು. ಇಚಿರೊ ಸುಜುಕಿ ಜಪಾನಿನಿಂದ ಬಂದು ಕುಣಿಸಿದ ವರ್ಷ. ಅದಕ್ಕಿಂತ ಹೆಚ್ಚು ಗೆದ್ದ ತಂಡ ಇವತ್ತಿಗೂ ಇಲ್ಲ. ಇಷ್ಟೆಲ್ಲ ಆಗಿ, ವರ್ಲ್ಡ್ ಸೀರೀಸ್‌ಗೆ ಒಂದು ಮೆಟ್ಟಿಲು ಇದೆ ಅನ್ನುವಾಗ ನ್ಯೂಯಾರ್ಕ್ ಯಾಂಕೀಸ್ ಕೈಯಲ್ಲಿ 4-1ರಿಂದ ಸೋತರು. ಮುಂದಿನ 20 ಸೀಸನ್ ಪ್ಲೇಆಫ್ ಮುಖವನ್ನೇ ನೋಡಲಿಲ್ಲ. ತಾತ 2001 ಎಂದು ಬಾಯಲ್ಲಿ ಹೇಳುವುದಿಲ್ಲ. ‘ಆ ವರ್ಷ’ ಅನ್ನುತ್ತಾರೆ, ನಮ್ಮಜ್ಜಿ ಬರಗಾಲದ ವರ್ಷವನ್ನು ನೆನೆಯುತ್ತಿದ್ದ ಹಾಗೆ.

ಇದಕ್ಕೆಲ್ಲ ಅವರು ಕೊಡುವ ಕಾರಣ, ತಂಡದ ಹಳೇ ಲಾಂಛನ. ‘ಎಂ’ ಅಕ್ಷರದ ಆಕಾರದ ತ್ರಿಶೂಲ, ಆದರೆ ಮೊನೆ ಕೆಳಗೆ. ಅದೃಷ್ಟವೆಲ್ಲ ಆ ದಾರಿಯಲ್ಲೇ ಸೋರಿಹೋಯಿತು ಎನ್ನುವುದು ಇಲ್ಲಿನವರ ನಂಬಿಕೆ. ನನಗೆ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇರಲಿಲ್ಲ. ಶಿವನ ತ್ರಿಶೂಲವನ್ನು ತಲೆಕೆಳಗು ಮಾಡಿ ಟೊಪ್ಪಿಗೆ ಮೇಲೆ ಹೊಲಿಸಿಕೊಂಡರೆ ಇನ್ನೇನಾಗುತ್ತೆ?

ಈ ಜನ ತುಂಬಾ ವೈಚಾರಿಕರು ಅಂದುಕೊಂಡಿದ್ದೆ. 2022ರ ಅಕ್ಟೋಬರ್ 15ರಂದು ಆ ಭ್ರಮೆ ಹೋಯಿತು. 21 ವರ್ಷದ ಮೇಲೆ ಸಿಯಾಟಲ್‌ನಲ್ಲಿ ನಡೆದ ಮೊದಲ ಪ್ಲೇಆಫ್ ಪಂದ್ಯ, ಎದುರಾಳಿ ಹ್ಯೂಸ್ಟನ್. ಸಾಲ ಮಾಡಿದಷ್ಟೇ ಸಂಕಟಪಟ್ಟು ಟಿಕೆಟ್ ತಗೊಂಡು ಹೋಗಿದ್ದೆ. ಮಾಮೂಲಾಗಿ ಒಂಬತ್ತು ಇನ್ನಿಂಗ್ಸಿಗೆ ಮುಗಿಯುವ ಆಟ. ಸಮ ಆದರೆ ಸೂಪರ್ ಓವರ್ ಗೀಪರ್ ಓವರ್ ಇಲ್ಲ, ಯಾರಾದರೂ ಗೆಲ್ಲುವ ತನಕ ಆಡುತ್ತಲೇ ಇರಬೇಕು. ಒಂಬತ್ತಾಯಿತು, ಹನ್ನೆರಡಾಯಿತು, 0-0. ಅಷ್ಟರಲ್ಲಿ ಸುತ್ತಮುತ್ತಲಿನವರು ಒಬ್ಬೊಬ್ಬರಾಗಿ ಶೂ ಬಿಚ್ಚಿ ತಲೆ ಮೇಲೆ ಇಟ್ಟುಕೊಂಡರು. ಹಿಂದಿನ ವಾರ ಟೊರಾಂಟೊ ವಿರುದ್ಧ 8-1ರಿಂದ ಹಿಂದೆ ಬಿದ್ದಾಗ ಇಲ್ಲಿ ಅಭಿಮಾನಿಗಳು ಹೀಗೇ ಮಾಡಿದ್ದರಂತೆ, ತಂಡ 10-9ರಿಂದ ಗೆದ್ದಿತ್ತಂತೆ. ಪಕ್ಕದವನು ನನ್ನ ಕಾಲು ನೋಡಿದ. ಆಮೇಲೆ ನನ್ನ ತಲೆ ನೋಡಿದ.

ಚಪ್ಪಲಿ ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಂಡು ಬೆಳೆದ ಜೀವ ಇದು. ಆದರೂ ಇಟ್ಟುಕೊಂಡೆ. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ, ಫೋಟೊ ತೆಗೆದು ಮನೆಯ ವಾಟ್ಸಾಪ್ ಗುಂಪಿಗೆ ಹಾಕಿದೆ. ಊರಲ್ಲಿ ಆಗ ಭಾನುವಾರ ಬೆಳಗಿನ ಜಾವ. ಕಾಫಿ ಲೋಟ ಹಿಡಿದ ಅಮ್ಮನ ಫೋನು ತಕ್ಷಣ ಬಂತು.

“ಏನೋ ಅದು ತಲೆ ಮೇಲೆ?”

“ಶೂ ಅಮ್ಮ. ಇಲ್ಲಿ ಎಲ್ಲರೂ ಇಟ್ಕೊಂಡಿದಾರೆ.”

“ಎಲ್ಲರೂ ಬಾವಿಗೆ ಬಿದ್ರೆ ನೀನೂ ಬೀಳ್ತೀಯೇನೋ? ಮೊದಲು ತೆಗಿ. ಮನೆಗೆ ಹೋಗಿ ತಲೆಗೆ ನೀರು ಹಾಕ್ಕೊ.”

ತೆಗೆದೆ. 18ನೇ ಇನ್ನಿಂಗ್ಸಿನಲ್ಲಿ ಹ್ಯೂಸ್ಟನ್‌ನ ಜೆರೆಮಿ ಪೆನ್ಯಾ ಹೋಂ ರನ್ ಬಾರಿಸಿದ, ಅಂದರೆ ನಮ್ಮ ಸಿಕ್ಸರ್ ಇದ್ದ ಹಾಗೆ. ಆರು ಗಂಟೆ 22 ನಿಮಿಷದ ಆಟ 1-0ಗೆ ಮುಗಿಯಿತು. ಇಟ್ಟದ್ದಕ್ಕೆ ಸೋತೆವೋ ತೆಗೆದದ್ದಕ್ಕೆ ಸೋತೆವೋ, ನನಗೂ ಅಮ್ಮನಿಗೂ ಇನ್ನೂ ರಾಜಿ ಆಗಿಲ್ಲ.

ಇನ್ನು 2025ಕ್ಕೆ ಬನ್ನಿ. ಜೂನ್ 3ರಂದು ಆರ್‌ಸಿಬಿ ಕೊನೆಗೂ ಕಪ್ ಎತ್ತಿತು. ಮರುದಿನ ಬೆಂಗಳೂರಿನಲ್ಲಿ ಆದದ್ದು ನೆನೆದರೆ ಈಗಲೂ ಗಂಟಲು ಕಟ್ಟುತ್ತದೆ, ಅದನ್ನು ಈ ಹರಟೆಗೆ ಎಳೆಯುವುದಿಲ್ಲ. ಆದರೆ 18 ಸೀಸನ್ ಕಾದದ್ದು ಕೈಗೆ ಬಂತಲ್ಲ, ಇದು ನಮ್ಮ ವರ್ಷ ಎಂದು ನನಗೆ ಖಾತ್ರಿಯಾಗಿಬಿಟ್ಟಿತು. ಇಲ್ಲಿ ಕ್ಯಾಲ್ ರಾಲಿ ಒಂದೇ ಸೀಸನ್ನಿನಲ್ಲಿ 60 ಹೋಂ ರನ್ ಹೊಡೆದ. ಅವನು ಕ್ಯಾಚರ್, ಅಂದರೆ ನಮ್ಮ ವಿಕೆಟ್ ಕೀಪರ್ ಇದ್ದ ಹಾಗೆ, ದಿನವಿಡೀ ಕುಕ್ಕರಗಾಲಿನಲ್ಲಿ ಕೂರುವವನು. ಅವನ ಅಡ್ಡಹೆಸರು ‘ಬಿಗ್ ಡಂಪರ್’. ಹಿಂಭಾಗದ ಗಾತ್ರ ನೋಡಿ ಇಟ್ಟದ್ದು. ಅಮ್ಮನಿಗೆ ಅರ್ಥ ಹೇಳಿಲ್ಲ.

ಸೆಪ್ಟೆಂಬರಿನಲ್ಲಿ ತಂಡ ಮುಗ್ಗರಿಸಿತು. ಆಗ ಒಬ್ಬ ಅಭಿಮಾನಿ ಎಟ್ಸಿ ಎಂಬ ಆನ್‌ಲೈನ್ ಸಂತೆಯಲ್ಲಿ ದುಡ್ಡು ಕೊಟ್ಟು ಮಾಟಗಾತಿಯೊಬ್ಬಳಿಂದ ಮಂತ್ರ ಹಾಕಿಸಿದ. ಸುಳ್ಳಲ್ಲ. ಆಮೇಲೆ ತಂಡ ಸತತ ಹತ್ತು ಪಂದ್ಯ ಗೆದ್ದಿತು, ಜನ ಮಾಟಗಾತಿಯ ಚೂಪು ಟೊಪ್ಪಿಗೆ ಹಾಕಿಕೊಂಡು ಸ್ಟೇಡಿಯಂಗೆ ಬರತೊಡಗಿದರು. ನನ್ನ ಹೆಂಡತಿ ಸುದ್ದಿ ಓದಿ, “ಇದಕ್ಕೆ ಇಷ್ಟು ದೂರ ಬರಬೇಕಿತ್ತಾ ರೀ? ಕೊಳ್ಳೇಗಾಲ ಹತ್ತಿರ ಇತ್ತಲ್ವಾ?” ಅಂದಳು.

ಅಷ್ಟಂದವಳೇ ಪ್ಲೇಆಫ್ ಶುರುವಾದ ಮೇಲೆ ಮನೆಯ ಮಾಂತ್ರಿಕಳಾದಳು. ಕೆನಡಾದ ಆ ಒಂದೇ ತಂಡ, ಟೊರಾಂಟೊ ಬ್ಲೂ ಜೇಸ್, ಸೆಮಿಫೈನಲ್ಲಿನಲ್ಲಿ ಎದುರಾಳಿ. ಏಳರಲ್ಲಿ ನಾಲ್ಕು ಗೆಲ್ಲಬೇಕು. ಐದನೇ ಪಂದ್ಯದಲ್ಲಿ ಯುಹೇನಿಯೊ ಸ್ವಾರೆಸ್ ಒಂದೇ ಏಟಿಗೆ ನಾಲ್ಕು ರನ್ ಬಾರಿಸಿ ಗೆಲ್ಲಿಸಿದಾಗ ನಾನು ಸೋಫಾದ ಎಡ ಮೂಲೆಯಲ್ಲಿ, ಬಲಗಾಲು ಮಡಚಿ ಕೂತಿದ್ದೆ. ಆರನೇ ಪಂದ್ಯದ ದಿನ ನೆಂಟರು ಬಂದು ಆ ಮೂಲೆ ಹಿಡಿದರು. ಸೋತೆವು. ಇನ್ನೇನು ಸಾಕ್ಷಿ ಬೇಕು? “ಏಳನೇ ಪಂದ್ಯ ಮುಗಿಯೋ ತನಕ ಆ ಮೂಲೆ ಬಿಟ್ಟು ಎದ್ರೆ ನೋಡಿ” ಎಂದು ಅಪ್ಪಣೆಯಾಯಿತು.

ಏಳನೇ ಪಂದ್ಯ ಬಿದ್ದದ್ದು ಅಕ್ಟೋಬರ್ 20ಕ್ಕೆ. ನರಕ ಚತುರ್ದಶಿ. ಬೆಳಿಗ್ಗೆ ಎಣ್ಣೆ ಸ್ನಾನ, ಮಧ್ಯಾಹ್ನ ಆಫೀಸಿನ ಮೀಟಿಂಗು, ಸಂಜೆ ಐದಕ್ಕೆ ಪಂದ್ಯ. ಸಿಯಾಟಲ್ 3-1ರಿಂದ ಮುಂದಿತ್ತು. ಹೂಲಿಯೊ ರೊಡ್ರಿಗೆಸ್ ಒಂದು ಹೋಂ ರನ್, ನಮ್ಮ ಡಂಪರ್ ಒಂದು. ತಾತನಿಗೆ ಇದನ್ನೆಲ್ಲ ನೋಡುವ ಧೈರ್ಯವಿಲ್ಲ. ಟಿವಿ ಆರಿಸಿ, ನಾಯಿ ಹಿಡಿದುಕೊಂಡು ರಸ್ತೆಯಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದರು. ನಮ್ಮ ಕಿಟಕಿಯೇ ಅವರ ಸ್ಕೋರ್‌ಬೋರ್ಡು. ಹೋಂ ರನ್ ಆದಾಗಲೆಲ್ಲ ನಾನು ಕೂತಲ್ಲಿಂದಲೇ ಕೈ ಮೇಲೆತ್ತುತ್ತಿದ್ದೆ, ಅವರು ನಾಯಿಯನ್ನು ಅಪ್ಪಿಕೊಳ್ಳುತ್ತಿದ್ದರು.

ಇಲ್ಲಿ ಹೆಂಡತಿ ಒಂದು ತಪ್ಪು ಮಾಡಿದಳು. ಗೆದ್ದ ತಕ್ಷಣ ಬಿಸಿ ಬಿಸಿ ಇರಲಿ ಎಂದು ಕಜ್ಜಾಯ ಕರಿಯಲು ಬಾಣಲೆ ಇಟ್ಟಳು. ಕೂಸು ಹುಟ್ಟೋಕೆ ಮುಂಚೆ ಕುಲಾವಿ! ಹೇಳೋಣ ಅಂದುಕೊಂಡೆ. ಆದರೆ ಕಜ್ಜಾಯ, ಸ್ವಾಮಿ. ಸುಮ್ಮನಾದೆ.

ಬೆಲ್ಲದ ಪಾಕ ಎಳೆಯದಾಗಿತ್ತೋ ಏನೋ, ಎಣ್ಣೆಗೆ ಬಿಟ್ಟ ಮೊದಲ ಕಜ್ಜಾಯವೇ ಪುಡಿಪುಡಿಯಾಗಿ ಹರಡಿಕೊಂಡು ಕರಕಲಾಯಿತು. ಹೊಗೆ ಎದ್ದಿತು. ಏಳನೇ ಇನ್ನಿಂಗ್ಸು, ಟೊರಾಂಟೊದ ಇಬ್ಬರು ಓಟಗಾರರು ಬೇಸ್ ಮೇಲೆ, ಗೆಲ್ಲಲು ನಮಗೆ ಇನ್ನು ಎಂಟೇ ಔಟ್ ಬೇಕು. ಅಲಾರಂ ಹೊಡೆದುಕೊಂಡಿತು. ಅದರ ಸದ್ದು ಕೇಳಿದವರಿಗೇ ಗೊತ್ತು, ಸತ್ತವರೂ ಎದ್ದು ಬಾಗಿಲು ತೆಗೆಯುತ್ತಾರೆ. “ರೀ, ಏಳ್ರೀ!” ಅಂದಳು. ಅಪ್ಪಣೆ ಕೊಟ್ಟವಳೇ ಎಬ್ಬಿಸಿದ್ದು, ಇದು ದಾಖಲಾಗಿರಲಿ. ಎದ್ದೆ. ಮಡಚಿದ್ದ ಬಲಗಾಲು ಜೋಮು ಹಿಡಿದಿತ್ತು. ಕುಂಟುತ್ತಾ ಹೋಗಿ ಟವೆಲ್ ತಗೊಂಡು ಅಲಾರಂ ಕೆಳಗೆ ಗಾಳಿ ಬೀಸತೊಡಗಿದೆ.

ಆ ಕ್ಷಣಕ್ಕೆ ಸರಿಯಾಗಿ ಟೊರಾಂಟೊದ ಜಾರ್ಜ್ ಸ್ಪ್ರಿಂಗರ್ ಬ್ಯಾಟು ಬೀಸಿದ. ಹೋಂ ರನ್. ಬೇಸ್ ಮೇಲಿದ್ದ ಇಬ್ಬರೂ ಅವನೂ ಸೇರಿ ಮೂರು ರನ್. 4-3.

ನಾನು ಟವೆಲ್ ಬೀಸುವುದನ್ನು ನಿಲ್ಲಿಸಲಿಲ್ಲ, ಅಲಾರಂ ಇನ್ನೂ ಕೂಗುತ್ತಿತ್ತು. ಬಾಗಿಲು ತಟ್ಟಿದ ಸದ್ದು. ತೆಗೆದರೆ ತಾತ, ಕಣ್ಣಲ್ಲಿ ನೀರು, ಕಂಕುಳಲ್ಲಿ ನಾಯಿ. ಕಿಟಕಿಯಲ್ಲಿ ನಾನು ಹುಚ್ಚನ ಹಾಗೆ ಟವೆಲ್ ತಿರುಗಿಸುವುದು ಕಂಡು, 48 ವರ್ಷದ ಹರಕೆ ತೀರಿತು ಎಂದು ಓಡಿ ಬಂದಿದ್ದರು. ನನ್ನನ್ನು ತಬ್ಬಿಕೊಂಡರು. ತಬ್ಬಿಕೊಂಡೇ ನನ್ನ ಹೆಗಲ ಮೇಲಿಂದ ಟಿವಿ ನೋಡಿದರು. ಹಿಡಿತ ಮೆಲ್ಲಗೆ ಸಡಿಲವಾಯಿತು.

ಉಳಿದ ಎರಡು ಇನ್ನಿಂಗ್ಸನ್ನು ಮೂವರೂ ಕೂತು ನೋಡಿದೆವು. ಎಡ ಮೂಲೆಯಲ್ಲಿ ನಾಯಿ ಮಲಗಿತು, ಯಾರೂ ಎಬ್ಬಿಸಲಿಲ್ಲ. ಪಂದ್ಯ ಹಾಗೇ ಮುಗಿಯಿತು. ತಾತ ಕರಕಲು ಪುಡಿಯನ್ನೇ ಚಮಚದಲ್ಲಿ ತಿಂದು, ಚೆನ್ನಾಗಿದೆ, ಇದರ ಆಕಾರವೇ ಹೀಗಾ ಎಂದು ಕೇಳಿದರು. ಹೆಂಡತಿ ಹೌದು ಅಂದಳು.

ಅವರು ಹೋದ ಮೇಲೆ ಅವಳು ಫೋನಿನಲ್ಲಿ ಏನೋ ಹುಡುಕುತ್ತಿದ್ದಳು. ಪಾಕದ ಹದ ನೋಡುತ್ತಿದ್ದಾಳೆ ಅಂದುಕೊಂಡೆ.

“ಮುಂದಿನ ವರ್ಷ ಹಬ್ಬ ನವೆಂಬರ್ 8ಕ್ಕೆ ರೀ. ಅಷ್ಟೊತ್ತಿಗೆ ಬೇಸ್‌ಬಾಲ್ ಎಲ್ಲ ಮುಗಿದಿರುತ್ತಲ್ವಾ?”

“ಮುಗಿದಿರುತ್ತೆ.”

“ಸದ್ಯ. ಹಾಗಾದ್ರೆ ಈ ಸಲ ನಮ್ದೇ.”